ಬೇಸಿಗೆಯ ಕಾವೇರಿ, ಶ್ರೀರಂಗಪಟ್ಟಣ

ಶಾಲೆಗಳಿಗೆ ರಜೆ ಬಂದಿದೆ. ಕೆಂಗೇರಿ, ವಿಜಯನಗರ, ಬಸವೇಶ್ವರನಗರದ ನಮ್ಮ ಕುಟುಂಬಗಳು ಒಂದು ದಿನದ ಪ್ರವಾಸಕ್ಕೆ ಹೊರಡುವ ಊರು ಹೆಚ್ಚಾಗಿ ಶ್ರೀರಂಗಪಟ್ಟಣವೇ. ಬಿಸಿಲಿಗೆ ಹೆದರಿ ಕೆಲವರು ಮಳೆಗಾಲ ಕಳೆಯಲಿ ಎನ್ನುತ್ತಾರೆ. ನಮ್ಮ ಅಭಿಪ್ರಾಯ ಬೇರೆ. ಆ ಊರಿನಲ್ಲಿ ನಡೆದದ್ದೇನೆಂದು ಅರಿಯಬೇಕಾದರೆ ಹೊಳೆ ಸೊರಗಿದ ಕಾಲದಲ್ಲೇ ಹೋಗಬೇಕು.

ಊರು ಕಾವೇರಿಯ ಎರಡು ಕವಲುಗಳ ನಡುವಿನ ದ್ವೀಪ. ಮಳೆಗಾಲದಲ್ಲಿ ಆ ಹೊಳೆಯೇ ಕೋಟೆಯ ಹೊರಗೋಡೆ. ಬೇಸಿಗೆಯಲ್ಲಿ ಬಂಡೆಗಳು ಬೆನ್ನು ತೋರಿಸುತ್ತವೆ, ಅವುಗಳ ನಡುವೆ ನೀರು ಸಣ್ಣಗೆ ಹರಿಯುತ್ತದೆ. ಆ ಗೋಡೆ ಆಗ ಇರುವುದಿಲ್ಲ. ಟಿಪ್ಪು ಸುಲ್ತಾನರಿಗೂ ಇದು ಗೊತ್ತಿತ್ತು, ಅವರ ವೈರಿಗಳಿಗೂ ಗೊತ್ತಿತ್ತು.

1791ರ ಮಾರ್ಚ್‌ನಲ್ಲಿ ನಮ್ಮ ಬೆಂಗಳೂರಿನ ಕೋಟೆಯನ್ನು ಹಿಡಿದ ಕಾರ್ನ್‌ವಾಲಿಸ್, ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಹತ್ತಿರಕ್ಕೆ ಬಂದ. ಅರಕೆರೆಯ ಬಳಿಯ ಕಾಳಗದಲ್ಲಿ ಅವನಿಗೇ ಮೇಲುಗೈಯಾಯಿತು. ಆದರೂ ಕೋಟೆ ಸಿಗಲಿಲ್ಲ. ಮಳೆ ಹಿಡಿಯಿತು, ಹೊಳೆ ಏರಿತು, ಎತ್ತುಗಳು ಸತ್ತವು, ಸೈನಿಕರಿಗೆ ಅನ್ನವಿಲ್ಲವಾಯಿತು. ಎಳೆಯುವವರಿಲ್ಲದ ಭಾರಿ ಫಿರಂಗಿಗಳನ್ನು ಕನ್ನಂಬಾಡಿಯ ಬಳಿ ತಾನೇ ಹಾಳುಗೆಡವಿ ಹಿಂದಿರುಗಿದ. ಮುಂದಿನ ಸಲ ಅವನು ಬಂದದ್ದು ಫೆಬ್ರವರಿಯಲ್ಲಿ. 1792ರ ಒಪ್ಪಂದದಲ್ಲಿ ಅರ್ಧ ರಾಜ್ಯ ಹೋಯಿತು, 3 ಕೋಟಿ 30 ಲಕ್ಷ ರೂಪಾಯಿ ದಂಡ ಬಿತ್ತು, ಸುಲ್ತಾನರ ಇಬ್ಬರು ಎಳೆಯ ಮಕ್ಕಳು ಒತ್ತೆಯಾಳುಗಳಾದರು.

1799ರಲ್ಲಿ ಜನರಲ್ ಹ್ಯಾರಿಸ್ ಏಪ್ರಿಲ್ ಮೊದಲ ವಾರದಲ್ಲೇ ಕೋಟೆಯ ಮುಂದೆ ಬೀಡುಬಿಟ್ಟ. ಹೊಳೆ ತುಂಬುವ ಮುನ್ನ ಕೆಲಸ ಮುಗಿಸಬೇಕಿತ್ತು. ಅವನ ದಂಡಿನ ದವಸವೂ ಮುಗಿಯುತ್ತಾ ಬಂದಿತ್ತು. ಇನ್ನು ಕೆಲವು ವಾರ ಕೋಟೆ ತಡೆದುಕೊಂಡಿದ್ದರೆ 1791ರ ಕಥೆಯೇ ಮರುಕಳಿಸಬಹುದಿತ್ತು. ಆದರೆ ಮೇ ಮೊದಲ ದಿನಗಳಲ್ಲಿ ಪಶ್ಚಿಮದ ಗೋಡೆ ಒಡೆಯಿತು. ಮೇ 4, ಶನಿವಾರ, ಮಧ್ಯಾಹ್ನ ಸುಮಾರು ಒಂದು ಗಂಟೆಗೆ ಉರಿಬಿಸಿಲಿನಲ್ಲಿ ಶತ್ರುಗಳು ಬಂಡೆಗಳ ಮೇಲೆ, ನೀರಿನಲ್ಲಿ ಕಾಲಿಟ್ಟು ಓಡಿಬಂದರು. ಹತ್ತು ನಿಮಿಷದೊಳಗೆ ಒಡೆದ ಗೋಡೆಯ ಮೇಲೆ ಅವರ ಬಾವುಟವಿತ್ತು. ನಿಷ್ಠಾವಂತ ಸೇನಾನಿ ಸೈಯದ್ ಗಫ್ಫಾರ್ ಮಡಿದ ಸುದ್ದಿ ಕೇಳಿ, ಊಟಕ್ಕೆ ಕುಳಿತಿದ್ದ ಸುಲ್ತಾನರು ಕೈತೊಳೆದು ಎದ್ದುಹೋದರು. ಆ ರಾತ್ರಿ ಉತ್ತರದ ಬಾಗಿಲ ಬಳಿ ಹೆಣಗಳ ರಾಶಿಯಲ್ಲಿ ಅವರ ಶರೀರ ಸಿಕ್ಕಿತು. ಇನ್ನಾ ಲಿಲ್ಲಾಹಿ ವ ಇನ್ನಾ ಇಲೈಹಿ ರಾಜಿಊನ್.

ಮರುದಿನ ಸಂಜೆ ಗುಂಬಜ್‌ನಲ್ಲಿ ತಂದೆ ಹೈದರ್ ಅಲಿ ಮತ್ತು ತಾಯಿಯ ಪಕ್ಕದಲ್ಲಿ ದಫನ್ ನಡೆಯಿತು. ಅದೇ ಸಂಜೆ ಗುಡುಗು ಸಿಡಿಲಿನೊಂದಿಗೆ ಭಾರಿ ಮಳೆ ಸುರಿಯಿತು. ಶತ್ರುಪಾಳೆಯದವರೇ ಅದನ್ನು ಬರೆದಿಟ್ಟಿದ್ದಾರೆ.

ನಮ್ಮ ಮನೆಗಳಲ್ಲಿ ಮಕ್ಕಳಿಗೆ ಹೇಳುವ ಕಥೆಯಲ್ಲಿ ಇದ್ಯಾವುದೂ ಬರುವುದಿಲ್ಲ. ಒಂದು ಖಡ್ಗ, ಒಂದು ಹುಲಿ, ಒಬ್ಬ ಮೀರ್ ಸಾದಿಕ್, ಅಲ್ಲಿಗೆ ಕಥೆ ಮುಗಿಯಿತು. ಮೀರ್ ಸಾದಿಕ್‌ನ ದ್ರೋಹವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಎಲ್ಲವನ್ನೂ ಒಬ್ಬ ದ್ರೋಹಿಯ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವುದು ಸುಲಭದ ದಾರಿ. ಹೈದರಾಬಾದಿನ ನಿಜಾಮರ ದಂಡು ಎರಡೂ ಯುದ್ಧಗಳಲ್ಲಿ ಇಂಗ್ಲಿಷರ ಜೊತೆಗಿತ್ತು, ಮೊದಲನೆಯದರಲ್ಲಿ ಮರಾಠರೂ ಇದ್ದರು. ಇತ್ತ ಸುಲ್ತಾನರ ದಿವಾನರಲ್ಲಿ ಪೂರ್ಣಯ್ಯನವರಿದ್ದರು. ಹಾಗಿರುವಾಗ ಈ ಇತಿಹಾಸವನ್ನು ಎರಡು ಧರ್ಮಗಳ ಜಗಳವೆಂದು ಹೇಳಲು ಯಾರಿಗಾದರೂ ಹೇಗೆ ಮನಸ್ಸು ಬರುತ್ತದೋ! ಭೂಮಿಯಲ್ಲಿ ಸಂಚರಿಸಿ ಹಿಂದಿನವರ ಗತಿ ಏನಾಯಿತೆಂದು ನೋಡುವಂತೆ ಕುರ್‌ಆನ್ ಹಲವೆಡೆ ನಮಗೆ ಆದೇಶಿಸುತ್ತದೆ. ನೋಡುವುದೆಂದರೆ ಕಾರಣಗಳನ್ನೂ ನೋಡುವುದು.

ಆದ್ದರಿಂದ ಹೋದವರು ಮೊದಲು ಕೋಟೆಯ ಪಶ್ಚಿಮದಂಚಿಗೆ ಹೋಗಿ ಮಕ್ಕಳಿಗೆ ಹೊಳೆ ತೋರಿಸಲಿ. ಸೆಲ್ಫಿ ಆಮೇಲಾದರೂ ಆಗುತ್ತದೆ. ನಂತರ ಸುಲ್ತಾನರು ಕಟ್ಟಿಸಿದ, ಎರಡು ಮಿನಾರ್‌ಗಳ ಮಸ್ಜಿದೆ ಆಲಾ. ಅದೇ ಕೋಟೆಯೊಳಗೆ ಅವರಿಂದ ಕಾಣಿಕೆ ಪಡೆದ ರಂಗನಾಥಸ್ವಾಮಿ ದೇವಾಲಯವೂ ಇದೆ. ಗುಂಬಜ್‌ನಲ್ಲಿ ಸಲಾಂ ಹೇಳಿ, ಅಗಲಿದವರಿಗಾಗಿ ದುಆ ಮಾಡಿ. ಬೇಡುವುದು ಅಲ್ಲಾಹನಲ್ಲಿ ಮಾತ್ರ. ಗೋರಿಯ ಮುಂದೆ ಹರಕೆ, ತಲೆಬಾಗುವಿಕೆ ಬೇಡ. ಅಲ್ಲಿಂದ ಸಂಗಮ ಹತ್ತಿರ. ನೀರು ಕಡಿಮೆಯಿದೆಯೆಂದು ಹುಡುಗರನ್ನು ಇಳಿಯಲು ಬಿಡಬೇಡಿ. ಬಂಡೆಗಳ ಸಂದಿನಲ್ಲಿ ಗುಂಡಿಗಳಿವೆ, ಮೇಲಿನ ಅಣೆಕಟ್ಟೆಯಿಂದ ನೀರು ಬಿಟ್ಟರೆ ಹೊಳೆ ಏರುತ್ತದೆ.

ಹೊತ್ತಿದ್ದರೆ ಆ ಅಣೆಕಟ್ಟೆಗೂ ಹೋಗಿಬನ್ನಿ. ಕಾರ್ನ್‌ವಾಲಿಸ್ ಫಿರಂಗಿ ಕಳೆದುಕೊಂಡ ಅದೇ ಕನ್ನಂಬಾಡಿಯಲ್ಲಿ 1911ರಲ್ಲಿ ಕಟ್ಟೆಯ ಕೆಲಸ ಆರಂಭವಾದಾಗ, ಸುಲ್ತಾನರ ಪಾರ್ಸಿ ಶಾಸನವೊಂದು ಸಿಕ್ಕಿತು. ಇಲ್ಲಿ ಕಾವೇರಿಗೆ ಅಡ್ಡಕಟ್ಟೆ ಕಟ್ಟಲು ಅಡಿಪಾಯ ಹಾಕಿದ್ದನ್ನು 1790ರ ದಶಕದ ಆ ಕಲ್ಲು ಹೇಳುತ್ತದೆ. ಈ ನೀರಿನಿಂದ ಬೀಳು ಭೂಮಿಯನ್ನು ಹೊಸದಾಗಿ ಸಾಗುವಳಿ ಮಾಡುವ ರೈತನಿಗೆ ಸರ್ಕಾರದ ಪಾಲಿನಲ್ಲಿ ನಾಲ್ಕನೇ ಒಂದು ಭಾಗ ಅಲ್ಲಾಹನ ಹೆಸರಿನಲ್ಲಿ ಮಾಫಿ ಎಂದೂ ಅದರಲ್ಲಿದೆ. ಬೇಸಿಗೆಯಲ್ಲಿ ಸೊರಗುವ ಹೊಳೆಯ ಬಗ್ಗೆ ಅವರು ಯೋಚಿಸಿದ್ದು ಕೋಟೆಯ ದೃಷ್ಟಿಯಿಂದ ಮಾತ್ರವಲ್ಲ. ಆ ಕಲ್ಲನ್ನು ಅಲ್ಲೇ ಜನರು ನೋಡುವಂತೆ ಇಟ್ಟಿದ್ದಾರೆ. ಮಕ್ಕಳು ಸಂಜೆಯ ಕಾರಂಜಿಗೆ ಓಡುವ ಮೊದಲು ಅದನ್ನು ಅವರಿಗೆ ಓದಿ ಹೇಳಿ.