ಲಿಂಕನ್ನನ ಕಚೇರಿಯ ಬಾಗಿಲು

ಮಹಾಯುದ್ಧಗಳ ತಾರೀಖುಗಳನ್ನು ನಾವೆಲ್ಲರೂ ಪಾಠಶಾಲೆಯಲ್ಲಿ ಕಂಠಪಾಠ ಮಾಡಿರುವೆವು. ಆದರೆ ಆ ಯುದ್ಧಗಳ ಭಾರವನ್ನು ಹೊತ್ತವರು ಬೆಳಗ್ಗೆ ಏನನ್ನು ತಿಂದು ಮೇಜಿನ ಮುಂದೆ ಕುಳಿತರು, ಅವರ ಟಪಾಲನ್ನು ಒಡೆದವರು ಯಾರು, ಅವರ ಬಾಗಿಲಲ್ಲಿ ಕಾದು ನಿಂತವರು ಯಾರು ಎಂಬುದನ್ನು ಹೇಳಿಕೊಟ್ಟವರು ವಿರಳ. ರಾಜ್ಯಭಾರವೆಂಬುದು ಬಹುಮಟ್ಟಿಗೆ ಈ ಸಣ್ಣ ವಿಷಯಗಳಿಂದಲೇ ಆದದ್ದು. ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಹದಿನಾರನೆಯ ಅಧ್ಯಕ್ಷನಾದ ಅಬ್ರಹಾಂ ಲಿಂಕನ್ನನು 1861 ರಿಂದ 1865 ರ ವರೆಗೆ ಕೆಲಸಮಾಡಿದ ಕೋಣೆಯನ್ನೂ ಅದರ ಬಾಗಿಲನ್ನೂ ಕುರಿತು ಈ ಹೊತ್ತು ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇವೆ.

ಇಂದು ಅಧ್ಯಕ್ಷರ ಕಚೇರಿಗಳಿರುವ ಪಶ್ಚಿಮದ ಕಟ್ಟಡವು ನಿರ್ಮಾಣವಾದದ್ದು 1902 ರಲ್ಲಿ. ಲಿಂಕನ್ನನ ಕಾಲದಲ್ಲಿ ಮನೆಯೂ ಕಚೇರಿಯೂ ಒಂದೇ ಸೂರಿನ ಕೆಳಗೆ, ಒಂದೇ ಮಹಡಿಯ ಮೇಲೆ ಇದ್ದವು. ಪಶ್ಚಿಮ ಭಾಗದಲ್ಲಿ ಹೆಂಡತಿ ಮಕ್ಕಳು; ಪೂರ್ವ ಭಾಗದಲ್ಲಿ ರಾಜ್ಯಭಾರ. ಕಚೇರಿಯ ಕೋಣೆಯಲ್ಲಿ ಮಂತ್ರಿಗಳು ಸುತ್ತ ಕುಳಿತುಕೊಳ್ಳತಕ್ಕ ಒಂದು ಉದ್ದನೆಯ ಮೇಜು, ಗೋಡೆಗೆ ಒರಗಿದ ಹಲವು ಗೂಡುಗಳ ಒಂದು ಹಳೆಯ ಬರೆಯುವ ಮೇಜು, ಎಲ್ಲೆಲ್ಲಿಯೂ ಯುದ್ಧಭೂಮಿಯ ನಕ್ಷೆಗಳು. ದಕ್ಷಿಣದ ಕಿಟಕಿಗಳಿಂದ ಪೊಟೋಮ್ಯಾಕ್ ನದಿಯೂ ಅದರಾಚೆ ವರ್ಜೀನಿಯಾದ ದಿಣ್ಣೆಗಳೂ ಕಾಣುತ್ತಿದ್ದವು. 1861 ರ ಮೇ ತಿಂಗಳಲ್ಲಿ ಅಲೆಗ್ಸಾಂಡ್ರಿಯಾ ಪಟ್ಟಣದಲ್ಲಿ ಹಾರುತ್ತಿದ್ದ ದಕ್ಷಿಣದವರ ಬಾವುಟವನ್ನು ಅಧ್ಯಕ್ಷನು ತನ್ನ ಕಿಟಕಿಯಿಂದಲೇ ನೋಡಬಹುದಾಗಿದ್ದಿತು. ಶತ್ರುವು ಅಷ್ಟು ಸಮೀಪದಲ್ಲಿದ್ದನು.

ಆ ಕೋಣೆಯಲ್ಲಿ ಎರಡು ಭಾವಚಿತ್ರಗಳಿದ್ದವು. ಒಂದು ಹಿಂದಿನ ಅಧ್ಯಕ್ಷನಾದ ಆಂಡ್ರೂ ಜಾಕ್ಸನ್ನನದು. ಮತ್ತೊಂದು ಇಂಗ್ಲೆಂಡಿನ ಜಾನ್ ಬ್ರೈಟ್‌ನದು. ಈ ಬ್ರೈಟ್ ನಮ್ಮ ದೇಶಕ್ಕೂ ಅಪರಿಚಿತನಲ್ಲ. ಲ್ಯಾಂಕಷೈರಿನ ಗಿರಣಿಗಾರನಾದ ಈತನು, ಗುಲಾಮರು ಬೆಳೆದ ಅಮೆರಿಕಾದ ಹತ್ತಿಯನ್ನೇ ನಂಬಿಕೊಂಡಿರಬಾರದು, ಹಿಂದೂದೇಶದಲ್ಲಿ ಹತ್ತಿಯ ಬೆಳೆಯನ್ನು ವೃದ್ಧಿಪಡಿಸಬೇಕು ಎಂದು ವಾದಿಸಿ, 1848 ರಲ್ಲಿ ಪಾರ್ಲಿಮೆಂಟಿನ ವಿಚಾರಣಾ ಸಮಿತಿಯೊಂದಕ್ಕೆ ಅಧ್ಯಕ್ಷನಾಗಿದ್ದನು. 1861 ರ ಏಪ್ರಿಲ್ 19 ರಂದು ದಕ್ಷಿಣದ ರೇವುಗಳಿಗೆ ದಿಗ್ಬಂಧನವನ್ನು ವಿಧಿಸುವ ಆಜ್ಞೆಗೆ ಲಿಂಕನ್ನನು ರುಜು ಮಾಡಿದನು. ಹತ್ತಿಯ ಧಾರಣೆ ಲೋಕವೆಲ್ಲ ಏರಿತು. ಅಮೆರಿಕಾದ ತಳಿಯ ಹತ್ತಿಯನ್ನು ಆಗಲೇ ಬೆಳೆಯುತ್ತಿದ್ದ ನಮ್ಮ ಧಾರವಾಡ ಸೀಮೆಯ ರೈತನು ನಾಲ್ಕು ವರ್ಷ ಕಾಣದ ಹಣವನ್ನು ಕಂಡನು. 1865 ರಲ್ಲಿ ಯುದ್ಧವು ಮುಗಿದೊಡನೆ ಧಾರಣೆ ಬಿದ್ದು ಕೈ ಸುಟ್ಟುಕೊಂಡನು.

1861 ರ ಮಾರ್ಚ್ 4 ರಂದು ಲಿಂಕನ್ನನು ಅಧಿಕಾರವನ್ನು ವಹಿಸಿಕೊಂಡನು. ಮರುದಿನವೇ ಆತನ ಮೇಜಿನ ಮೇಲೆ ಒಂದು ಕಾಗದ ಬಂದಿತು: ದಕ್ಷಿಣದ ಸಮ್ಟರ್ ಕೋಟೆಯಲ್ಲಿರುವ ಸೈನಿಕರಿಗೆ ಕೆಲವು ವಾರಗಳ ಆಹಾರ ಮಾತ್ರ ಉಳಿದಿದೆ. ಯುದ್ಧವೋ ಶಾಂತಿಯೋ ಎಂಬುದು ಈ ಒಂದು ಕಾಗದದ ಉತ್ತರವನ್ನು ಅವಲಂಬಿಸಿದ್ದಿತು. ಆದರೆ ಆ ಆರು ವಾರಗಳಲ್ಲಿ ಅಧ್ಯಕ್ಷನ ಹೊತ್ತನ್ನು ನುಂಗಿದವರು ಯಾರು? ಅಂಚೆ ಮಾಸ್ತರರ ಕೆಲಸಕ್ಕೆ, ಸುಂಕದ ಕಟ್ಟೆಯ ಕೆಲಸಕ್ಕೆ, ಭೂಮಿಯ ದಫ್ತರಿನ ಕೆಲಸಕ್ಕೆ ಬಂದ ಉಮೇದುವಾರರು! ಅಲ್ಲಿ ಪಕ್ಷ ಬದಲಾದರೆ ನೌಕರರೂ ಬದಲಾಗುವ ಪದ್ಧತಿ ಇದ್ದಿತು. ಚುನಾವಣೆಯಲ್ಲಿ ದುಡಿದವನಿಗೆ ಸರ್ಕಾರದ ಅನ್ನ. ಮೆಟ್ಟಲುಗಳ ಮೇಲೆ, ಮೊಗಸಾಲೆಯಲ್ಲಿ, ಕೈಯಲ್ಲಿ ಶಿಫಾರಸಿನ ಕಾಗದಗಳ ಕಟ್ಟು ಹಿಡಿದು ಜನ ನಿಂತಿರುತ್ತಿದ್ದರು. ಮನೆಯ ಒಂದು ಕೊನೆಗೆ ಬೆಂಕಿ ಬಿದ್ದಿರುವಾಗ ಮತ್ತೊಂದು ಕೊನೆಯ ಕೋಣೆಗಳನ್ನು ಬಾಡಿಗೆಗೆ ಕೊಡುತ್ತ ಕುಳಿತವನ ಪಾಡು ತನ್ನದೆಂದು ಲಿಂಕನ್ನನು ಹೇಳಿಕೊಂಡನಂತೆ. ಏಪ್ರಿಲ್ 12 ರಂದು ಸಮ್ಟರ್ ಕೋಟೆಯ ಮೇಲೆ ಗುಂಡು ಬಿದ್ದಿತು. ಅದೇ ತಿಂಗಳಲ್ಲಿ ರಾಜಧಾನಿಗೆ ರಕ್ಷಣೆ ಸಾಲದೆ, ಶ್ವೇತಭವನದ ಪೂರ್ವದ ದೊಡ್ಡ ಹಜಾರದಲ್ಲಿಯೇ ಸ್ವಯಂಸೈನಿಕರು ಬಂದೂಕಗಳೊಡನೆ ಮಲಗಬೇಕಾಯಿತು.

ಇಷ್ಟು ಕೆಲಸಕ್ಕೆ ಸಹಾಯಕರೆಷ್ಟು ಮಂದಿ? ಶಾಸನಸಭೆಯು ಅಧ್ಯಕ್ಷನಿಗೆ ಮಂಜೂರು ಮಾಡಿದ್ದುದು ಒಬ್ಬನೇ ಒಬ್ಬ ಖಾಸಗಿ ಕಾರ್ಯದರ್ಶಿಯನ್ನು. ವರ್ಷಕ್ಕೆ 2,500 ಡಾಲರುಗಳ ಸಂಬಳದ ಆ ಹುದ್ದೆಗೆ ಬಂದವನು ಜಾನ್ ನಿಕೊಲೇ. ಜರ್ಮನಿಯಲ್ಲಿ ಹುಟ್ಟಿದವನು, ವಯಸ್ಸು 29. ಅವನಿಗೆ ಜೊತೆಯಾಗಿ ಬಂದ ಜಾನ್ ಹೇ 22 ವರ್ಷದ ಹುಡುಗ. ಎರಡನೆಯ ಹುದ್ದೆಗೆ ಹಣವಿಲ್ಲದುದರಿಂದ ಹೇಯನ್ನು ಒಳಾಡಳಿತದ ಇಲಾಖೆಯ ಗುಮಾಸ್ತೆಯೆಂದು ಲೆಕ್ಕದಲ್ಲಿ ಬರೆದು ಇಲ್ಲಿಗೆ ಎರವಲು ಪಡೆದರು. ಭೂಮಿಯ ಪಟ್ಟೆಗಳಿಗೆ ಅಧ್ಯಕ್ಷನ ಹೆಸರಿನಲ್ಲಿ ರುಜು ಮಾಡುವ ಗುಮಾಸ್ತೆಯಾಗಿದ್ದ ವಿಲಿಯಂ ಸ್ಟಾಡರ್ಡ್ ಮೂರನೆಯವನು. ಲೆಕ್ಕಪತ್ರಗಳ ಇಂತಹ ಜಾಣತನವು ನಮ್ಮ ಕಚೇರಿಗಳನ್ನು ಬಲ್ಲವರಿಗೆ ಹೊಸದಾಗಿ ಕಾಣಲಾರದು. ನಿಕೊಲೇಯೂ ಹೇಯೂ ಶ್ವೇತಭವನದಲ್ಲಿಯೇ ಒಂದು ಕೋಣೆಯಲ್ಲಿ ಮಲಗುತ್ತಿದ್ದರು. ಊಟಕ್ಕೆ ವಿಲ್ಲರ್ಡ್ ಹೋಟಲಿಗೆ ಹೋಗುತ್ತಿದ್ದರು. ಯಜಮಾನನಿಗೆ ಗುಟ್ಟಾಗಿ ಅಡ್ಡಹೆಸರುಗಳನ್ನೂ ಇಟ್ಟಿದ್ದರು. ಯಜಮಾನನಾದರೋ ಬೆಳಗ್ಗೆ ಒಂದು ಮೊಟ್ಟೆ, ಸುಟ್ಟ ರೊಟ್ಟಿಯ ಚೂರು, ಕಾಫಿ. ಮಧ್ಯಾಹ್ನಕ್ಕೆ ಒಂದು ಬಿಸ್ಕತ್ತು, ಒಂದು ಲೋಟ ಹಾಲು, ಸ್ವಲ್ಪ ಹಣ್ಣು, ಇಷ್ಟರಲ್ಲಿ ದಿನವನ್ನು ಕಳೆಯುತ್ತಿದ್ದನು.

ಟಪಾಲು ಚೀಲಗಟ್ಟಲೆ ಬರುತ್ತಿದ್ದಿತು. ಹುಚ್ಚರ ಕಾಗದಗಳು, ಬೆದರಿಕೆಯ ಕಾಗದಗಳು ಸ್ಟಾಡರ್ಡನ ಕಸದ ಬುಟ್ಟಿಗೆ. ಸೈನ್ಯಕ್ಕೆ ಸಂಬಂಧಿಸಿದವು ಯುದ್ಧ ಇಲಾಖೆಗೆ. ಬಂದ ಐವತ್ತು ಕಾಗದಗಳಲ್ಲಿ ಒಂದನ್ನು ಸಹ ಅಧ್ಯಕ್ಷನು ಓದುತ್ತಿರಲಿಲ್ಲವೆಂದೂ, ತಾನು ಅವನ ಹೆಸರಿನಲ್ಲಿ ಬರೆದ ಉತ್ತರಗಳಿಗೆ ಅವನು ಓದದೆಯೇ ರುಜು ಹಾಕುತ್ತಿದ್ದನೆಂದೂ, ತಾನಾಗಿ ಬರೆಯುತ್ತಿದ್ದುದು ವಾರಕ್ಕೆ ಐದಾರು ಮಾತ್ರವೆಂದೂ ಹೇಯು 1866 ರಲ್ಲಿ ತಿಳಿಸಿದ್ದಾನೆ. ಇದನ್ನು ಕೇಳಿ ಕೆಲವರಿಗೆ ಬೇಸರವಾಗಬಹುದು. ನಮಗಾದರೋ ಇದರಲ್ಲಿ ಒಂದು ವಿವೇಕ ಕಾಣುತ್ತದೆ. ಕಾಗದವನ್ನು ಗುಮಾಸ್ತೆಗೆ ಬಿಟ್ಟವನು ಮನುಷ್ಯನನ್ನು ಮಾತ್ರ ಗುಮಾಸ್ತೆಗೆ ಬಿಡಲಿಲ್ಲ.

ಸಂದರ್ಶಕರ ವಿಷಯದಲ್ಲಿ ಕಾರ್ಯದರ್ಶಿಗಳು ನಿಯಮಗಳನ್ನು ಮಾಡಿದರು. ಮೊದಲು ದಿನವೆಲ್ಲ ತೆರೆದಿದ್ದ ಬಾಗಿಲು ಆಮೇಲೆ 10 ಗಂಟೆಯಿಂದ 3 ಗಂಟೆಗೆ, ಮತ್ತೂ ಆಮೇಲೆ 10 ರಿಂದ 1 ಕ್ಕೆ ಇಳಿಯಿತು. ಮಂಗಳವಾರ ಶುಕ್ರವಾರಗಳ ಮಧ್ಯಾಹ್ನ ಮಂತ್ರಿಸಭೆ. ಆದರೆ ಅವರು ಮಾಡಿದ ಕಟ್ಟಳೆಗಳನ್ನೆಲ್ಲ ಮಾಡಿದಷ್ಟೇ ಬೇಗನೆ ಮುರಿಯುತ್ತಿದ್ದವನು ಅಧ್ಯಕ್ಷನೇ. ಇದು ತನಗೆ ಲೋಕಾಭಿಪ್ರಾಯದ ಸ್ನಾನವಿದ್ದಂತೆ, ತಾನು ಯಾರಿಂದ ಬಂದೆನೋ ಅವರ ಮುಖವನ್ನು ಇದರಿಂದ ಮರೆಯದೆ ಇರಬಹುದು ಎಂಬ ಅರ್ಥ ಬರುವಂತೆ ಆತನು ಒಬ್ಬ ಸೇನಾಧಿಕಾರಿಗೆ ಹೇಳಿದನಂತೆ. ಹಾಗೆಂದು ಆತನಿಗೆ ದಣಿವಾಗಲಿಲ್ಲವೆಂದಲ್ಲ. ಜನರ ಕಣ್ಣಿಗೆ ಬೀಳದೆ ಕಚೇರಿಯಿಂದ ಮನೆಯ ಕಡೆಗೆ ಹೋಗುವುದಕ್ಕೆಂದು, ಕಾಯುವವರ ಕೋಣೆಯಲ್ಲಿ ಒಂದು ಅಡ್ಡಗೋಡೆಯನ್ನು ಹಾಕಿಸಿಕೊಳ್ಳಬೇಕಾಯಿತು.

1863 ರ ಆಗಸ್ಟ್ 10 ರಂದು ಆ ಮೆಟ್ಟಲುಗಳ ಬಳಿ ಒಬ್ಬ ನೀಗ್ರೋ ಗೃಹಸ್ಥನು ಬಂದು ನಿಂತನು. ಗುಲಾಮನಾಗಿ ಹುಟ್ಟಿ, ತಪ್ಪಿಸಿಕೊಂಡು ಬಂದು, ತನ್ನ ಜನರ ಪರವಾಗಿ ದೇಶವೆಲ್ಲ ಕೇಳುವಂತೆ ಮಾತನಾಡಿದ ಫ್ರೆಡರಿಕ್ ಡಗ್ಲಸ್ ಆತನು. ಮೊದಲೇ ಗೊತ್ತುಮಾಡಿಕೊಂಡು ಬಂದವನಲ್ಲ. ಮೆಟ್ಟಲುಗಳ ತುಂಬ ಬಿಳಿಯ ಉಮೇದುವಾರರು. ಅರ್ಧ ದಿನವಾದರೂ ಕಾಯಬೇಕೆಂದುಕೊಂಡು ಹೆಸರಿನ ಚೀಟಿಯನ್ನು ಒಳಕ್ಕೆ ಕಳುಹಿಸಿದನು. ಕೆಲವೇ ನಿಮಿಷಗಳಲ್ಲಿ ಕರೆ ಬಂದಿತು. ಗೊಣಗುತ್ತಿದ್ದ ಜನರ ನಡುವೆ ದಾರಿಮಾಡಿಕೊಂಡು ಆತನು ಮೇಲಕ್ಕೆ ಹೋದನು. ಕೇಳಬೇಕಾಗಿದ್ದುದು ನ್ಯಾಯವಾದ ಮಾತು: ಸೈನ್ಯಕ್ಕೆ ಸೇರಿದ ಕರಿಯರಿಗೆ ಬಿಳಿಯರಿಗಿಂತ ಕಡಿಮೆ ಸಂಬಳವೇಕೆ? ಲಿಂಕನ್ನನು ಸಮಾಧಾನ ಹೇಳಿದನೇ ಹೊರತು ಅಂದೇ ಏನನ್ನೂ ಕೊಡಲಿಲ್ಲ. ಸಮಾನ ಸಂಬಳದ ಕಾನೂನು ಬಂದದ್ದು 1864 ರ ಜೂನಿನಲ್ಲಿ. ಆದರೂ ತನ್ನ ಬಣ್ಣವನ್ನು ನೆನಪಿಗೆ ತಾರದೆ ಮಾತನಾಡಿಸಿದ ದೊಡ್ಡ ಮನುಷ್ಯನೆಂದು ಡಗ್ಲಸನು ಆ ಭೇಟಿಯನ್ನು ಮುಂದೆ ಅನೇಕ ಸಲ ಸ್ಮರಿಸಿದನು.

ಆ ಮನೆಯ ಒಳಗೇ ಇದ್ದವನ ಕಥೆ ಬೇರೆ. ಸ್ಪ್ರಿಂಗ್‌ಫೀಲ್ಡಿನಿಂದ ಲಿಂಕನ್ನನ ಜೊತೆಯಲ್ಲಿ ಬಂದ ಕರಿಯ ಸೇವಕ ವಿಲಿಯಂ ಜಾನ್ಸನ್. ಶ್ವೇತಭವನದಲ್ಲಿ ಮೊದಲಿನಿಂದ ಇದ್ದ ಆಳುಗಳೂ ಬಹುಪಾಲು ನೀಗ್ರೋಗಳೇ. ಆದರೆ ಅವರ ಬಣ್ಣ ಸ್ವಲ್ಪ ತಿಳಿ, ಇವನದು ಕಪ್ಪು. ಅವರು ಇವನನ್ನು ಸೇರಿಸಲಿಲ್ಲ. ಮೇಲುಕೀಳಿನ ಈ ಮೆಟ್ಟಲುಗಳನ್ನು ಕಂಡು ಆಶ್ಚರ್ಯಪಡುವ ಅಧಿಕಾರ ನಮಗೆ ಅಷ್ಟಾಗಿ ಇಲ್ಲ. ಲಿಂಕನ್ನನು ಅವನಿಗೆ ಖಜಾನೆಯ ಇಲಾಖೆಯಲ್ಲಿ ಜವಾನನ ಕೆಲಸವನ್ನು ಕೊಡಿಸಿದನು. ಬೆಳಗಿನ ಹೊತ್ತು ಅಧ್ಯಕ್ಷನ ಚಾಕರಿಯನ್ನೂ ಅವನು ಬಿಡಲಿಲ್ಲ. 1863 ರ ನವೆಂಬರಿನಲ್ಲಿ ಗೆಟಿಸ್‌ಬರ್ಗಿನ ಪ್ರಸಿದ್ಧ ಭಾಷಣಕ್ಕೆ ಹೋದಾಗಲೂ ಜೊತೆಗಿದ್ದನು. ಹಿಂದಿರುಗಿದ ಮೇಲೆ ಅಧ್ಯಕ್ಷನಿಗೆ ಸೌಮ್ಯವಾದ ಸಿಡುಬು ಬಂದಿತು. ಬೇಡಿ ಬಂದವರಿಗೆಲ್ಲ ಕೊಡಬಲ್ಲ ವಸ್ತು ಈಗ ತನ್ನಲ್ಲಿ ಇದೆಯೆಂದು ಆತನು ನಗೆಯಾಡಿದನಂತೆ. ಜಾನ್ಸನ್ನನಿಗೂ ಸಿಡುಬು ತಗಲಿತು, ಸೌಮ್ಯವಾಗಿ ಅಲ್ಲ. ಅವನು ರುಜು ಹಾಕಲಾರದೆ ಮಲಗಿದ್ದಾಗ, ಅವನ ಸಂಬಳವನ್ನು ಖಜಾನೆಯಿಂದ ತರಿಸಿ, ನೋಟುಗಳನ್ನು ಎಣಿಸಿ ಬೇರೆಬೇರೆ ಲಕೋಟೆಗಳಲ್ಲಿ ಹಾಕುತ್ತ ಕುಳಿತಿದ್ದ ಅಧ್ಯಕ್ಷನನ್ನು ಒಬ್ಬ ಪತ್ರಿಕಾ ಬಾತ್ಮೀದಾರನು ಕಂಡನು. ಜಾನ್ಸನ್ನನು 1864 ರ ಜನವರಿಯಲ್ಲಿ ತೀರಿಕೊಂಡನು.

ಸೈನಿಕ ನ್ಯಾಯಸ್ಥಾನಗಳು ಕೊಟ್ಟ ಮರಣದಂಡನೆಗಳ ಕಾಗದಗಳೂ ಇದೇ ಮೇಜಿಗೆ ಬರುತ್ತಿದ್ದವು. 1863 ರ ಜುಲೈ 18 ರಂದು ಆರು ಗಂಟೆಗಳ ಕಾಲ ಅವುಗಳನ್ನೇ ನೋಡುತ್ತ ಕುಳಿತೆವೆಂದು ಹೇಯು ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಯಾರನ್ನು ಉಳಿಸಲು ಯಾವ ನೆಪ ಸಿಕ್ಕೀತು ಎಂದು ಅಧ್ಯಕ್ಷನು ಹುಡುಕುತ್ತಿದ್ದನು. ಹೆದರಿ ರಣದಿಂದ ಓಡಿಹೋದವರ ಮೊಕದ್ದಮೆಗಳನ್ನು ಕಾಲಿನ ಮೊಕದ್ದಮೆಗಳೆಂದು ಕರೆದು, ದೇವರು ಕೊಟ್ಟ ಕಾಲು ಅವನನ್ನು ಹೊತ್ತುಕೊಂಡು ಹೋದರೆ ಅವನೇನು ಮಾಡಿಯಾನು ಎನ್ನುತ್ತಿದ್ದನೆಂದು ಪ್ರತೀತಿ. ಆದರೆ ಇದನ್ನು ಕೇವಲ ಮೃದುತನವೆಂದು ತಿಳಿಯಬಾರದು. ಸುಮಾರು 900 ಮಂದಿ ಆಫ್ರಿಕನರನ್ನು ಹಡಗಿನಲ್ಲಿ ತುಂಬಿಕೊಂಡು ಸಿಕ್ಕಿಬಿದ್ದ ನೆಥಾನಿಯಲ್ ಗೋರ್ಡನ್ ಎಂಬ ಗುಲಾಮರ ವ್ಯಾಪಾರಿಗೆ, ಎಷ್ಟು ಮಂದಿ ಬಂದು ಬೇಡಿದರೂ ಆತನು ಕ್ಷಮೆಯನ್ನು ಕೊಡಲಿಲ್ಲ. ಸಾವಿಗೆ ಸಿದ್ಧನಾಗಲೆಂದು ಎರಡು ವಾರಗಳ ಅವಧಿಯನ್ನು ಮಾತ್ರ ಕೊಟ್ಟನು. ಆ ಅವಧಿಯಲ್ಲಿ ಲಿಂಕನ್ನನ ಹನ್ನೊಂದು ವರ್ಷದ ಮಗ ವಿಲ್ಲಿಯು ಒಳಮನೆಯಲ್ಲಿ ವಿಷಮಜ್ವರದಿಂದ ಮಲಗಿದ್ದನು. 1862 ರ ಫೆಬ್ರವರಿ 20 ರ ಸಂಜೆ ಮಗು ತೀರಿಹೋಯಿತು. ತಂದೆಯು ನಿಕೊಲೇಯ ಕೋಣೆಗೆ ಬಂದು ಹುಡುಗ ಹೊರಟುಹೋದನೆಂದು ಹೇಳಿ ಕಣ್ಣೀರು ಹಾಕಿದನು. ಮರುದಿನ, 21 ರಂದು, ಗೋರ್ಡನ್ನನಿಗೆ ಗಲ್ಲಾಯಿತು.

ಅದೇ ವರ್ಷದ ಕೊನೆಯಲ್ಲಿ ಇನ್ನೊಂದು ಪಟ್ಟಿ ಬಂದಿತು. ಮಿನ್ನೆಸೋಟಾ ಪ್ರಾಂತದ ಡಕೋಟಾ ಮೂಲನಿವಾಸಿಗಳು ದಂಗೆಯೆದ್ದರೆಂದು ಅಲ್ಲಿಯ ಸೈನಿಕ ನ್ಯಾಯಮಂಡಲಿಯು 303 ಮಂದಿಗೆ ಮರಣದಂಡನೆಯನ್ನು ವಿಧಿಸಿದ್ದಿತು. ಎಷ್ಟೋ ವಿಚಾರಣೆಗಳು ಕೆಲವೇ ನಿಮಿಷಗಳಲ್ಲಿ ಮುಗಿದಿದ್ದವು. ಆ ಜನರಲ್ಲಿ ಒಬ್ಬನೂ ಈ ಮೆಟ್ಟಲುಗಳನ್ನು ಹತ್ತಿ ಬಂದು ಅಹವಾಲು ಹೇಳುವಂತಿರಲಿಲ್ಲ. ಅವರ ಪರವಾಗಿ ಬಂದವನು ವ್ಹಿಪಲ್ ಎಂಬ ಪಾದ್ರಿಯೊಬ್ಬನು. ಲಿಂಕನ್ನನು ವಿಚಾರಣೆಯ ಕಾಗದಗಳನ್ನು ಇಬ್ಬರು ವಕೀಲರಿಂದ ಒಂದೊಂದಾಗಿ ಪರೀಕ್ಷೆ ಮಾಡಿಸಿ, 39 ಹೆಸರುಗಳನ್ನು ತನ್ನ ಕೈಯಿಂದಲೇ ಬರೆದು ಕಳುಹಿಸಿದನು. 1862 ರ ಡಿಸೆಂಬರ್ 26 ರಂದು 38 ಮಂದಿಯನ್ನು ಒಂದೇ ಹಲಗೆಯ ಮೇಲೆ ನಿಲ್ಲಿಸಿ ಗಲ್ಲಿಗೇರಿಸಿದರು. ಉಳಿದವರನ್ನು ಬದುಕಿಸಿದನೆಂದು ಹೊಗಳುವವರುಂಟು, 38 ಮಂದಿಯನ್ನು ಕೊಂದನೆಂದು ತೆಗಳುವವರುಂಟು. ಎರಡು ಮಾತೂ ನಿಜವೇ. ಆ 38 ಮಂದಿಯ ಅಣ್ಣತಮ್ಮಂದಿರೋ ತಾಯಂದಿರೋ ಆ ಮೊಗಸಾಲೆಯಲ್ಲಿ ಕಾದಿದ್ದರೆ ಪಟ್ಟಿಯು ಇನ್ನೂ ಚಿಕ್ಕದಾಗುತ್ತಿತ್ತೆಂದು ನಮ್ಮ ಅಭಿಪ್ರಾಯ.

ಈ ಡಕೋಟಾ ಜನರನ್ನು ಗಲ್ಲಿಗೇರಿಸಿದ ಆರನೆಯ ದಿನವೇ 1863 ರ ಹೊಸವರ್ಷ. ಆ ದಿನ ಶ್ವೇತಭವನದ ಬಾಗಿಲು ಎಲ್ಲರಿಗೂ ತೆರೆದಿರುವುದು ಹಳೆಯ ವಾಡಿಕೆ. ಗಂಟೆಗಟ್ಟಲೆ ಸಾವಿರಾರು ಜನರ ಕೈ ಕುಲುಕಿದ ಮೇಲೆ ಲಿಂಕನ್ನನು ಮಹಡಿಗೆ ಬಂದು, ಬಂಡಾಯದ ಪ್ರಾಂತಗಳ ಗುಲಾಮರಿಗೆ ವಿಮೋಚನೆಯನ್ನು ಸಾರುವ ಘೋಷಣೆಯ ಮುಂದೆ ಕುಳಿತನು. ಬೆರಳುಗಳು ಊದಿ ಲೇಖನಿ ನಡುಗಿತು. ನಡುಗಿದ ರುಜುವನ್ನು ಕಂಡ ಜನ ಇವನ ಮನಸ್ಸು ಹಿಂದೇಟು ಹಾಕಿತೆಂದು ಹೇಳಿಯಾರೆಂದು, ಸ್ವಲ್ಪ ತಡೆದು, ನಿಧಾನವಾಗಿ ತನ್ನ ಹೆಸರನ್ನು ಪೂರ್ತಿಯಾಗಿ ಬರೆದನು. ಆ ಘೋಷಣೆಯ ಮೊದಲ ಕರಡನ್ನು ಬರೆಯತೊಡಗಿದ್ದು ಪಕ್ಕದ ಯುದ್ಧ ಇಲಾಖೆಯ ತಂತಿ ಕಚೇರಿಯಲ್ಲಿ ಎಂದು ಅಲ್ಲಿಯ ಮುಖ್ಯಸ್ಥನು ಹೇಳಿದ್ದಾನೆ. ಶ್ವೇತಭವನದಲ್ಲಿ ತಂತಿಯ ಸಾಧನವಿರಲಿಲ್ಲ. ರಣರಂಗದ ಸುದ್ದಿಗಾಗಿ ಅಧ್ಯಕ್ಷನು ದಿನಕ್ಕೆ ಹಲವು ಸಲ, ರಾತ್ರಿಯಲ್ಲಿಯೂ, ಅಲ್ಲಿಗೆ ನಡೆದು ಹೋಗುತ್ತಿದ್ದನು. ಉಮೇದುವಾರರಿಲ್ಲದ ಜಾಗವೆಂದು ಅವನಿಗೆ ಅದು ಪ್ರಿಯವಾಗಿದ್ದಿರಬೇಕು.

ತೆರೆದ ಬಾಗಿಲಿನ ಬೆಲೆಯನ್ನು ಆ ದೇಶವು ಮುಂದೆ ಇನ್ನೊಂದು ರೀತಿಯಲ್ಲಿ ತೆತ್ತಿತು. 1881 ರ ಜುಲೈ 2 ರಂದು ಅಧ್ಯಕ್ಷ ಗಾರ್‌ಫೀಲ್ಡನನ್ನು ಗುಂಡಿಟ್ಟು ಹೊಡೆದವನು ಕೆಲಸ ಸಿಕ್ಕದೆ ಹತಾಶನಾದ ಒಬ್ಬ ಉಮೇದುವಾರನೇ. ಅದಾದ ಮೇಲೆ, 1883 ರ ಜನವರಿಯಲ್ಲಿ, ಸರ್ಕಾರದ ನೌಕರಿಗಳಲ್ಲಿ ಕೆಲವನ್ನಾದರೂ ಪರೀಕ್ಷೆಯ ಮೂಲಕ ಕೊಡತಕ್ಕದ್ದೆಂಬ ಶಾಸನವಾಯಿತು.

ನಿಕೊಲೇಯೂ ಹೇಯೂ 1890 ರಲ್ಲಿ ತಮ್ಮ ಯಜಮಾನನ ಚರಿತ್ರೆಯನ್ನು ಹತ್ತು ಸಂಪುಟಗಳಲ್ಲಿ ಪ್ರಕಟಿಸಿದರು. ಅದಕ್ಕಾಗಿ ಅವರು ಬಳಸಿಕೊಂಡ ಕಾಗದಪತ್ರಗಳನ್ನು ಲಿಂಕನ್ನನ ಮಗ ರಾಬರ್ಟನು ರಾಷ್ಟ್ರದ ಪುಸ್ತಕ ಭಂಡಾರಕ್ಕೆ ಒಪ್ಪಿಸಿ, ತಾನು ಸತ್ತ ಇಪ್ಪತ್ತೊಂದು ವರ್ಷಗಳವರೆಗೆ ಯಾರೂ ತೆರೆಯಕೂಡದೆಂದು ಕರಾರು ಮಾಡಿದನು. ಅವನು ತೀರಿಕೊಂಡದ್ದು 1926 ರ ಜುಲೈ 26 ರಂದು. 1947 ರ ಅದೇ ತಾರೀಖು ಹುಟ್ಟುತ್ತಲೇ, ನಡುರಾತ್ರಿಯಲ್ಲಿ, ವಿದ್ವಾಂಸರು ಕೂಡಿ ಆ ಕಾಗದಗಳನ್ನು ಹೊರಕ್ಕೆ ತೆಗೆದರು. ದೊಡ್ಡ ರಹಸ್ಯಗಳನ್ನು ನಿರೀಕ್ಷಿಸಿದವರಿಗೆ ನಿರಾಶೆಯಾಯಿತು. ಲಿಂಕನ್ನನ ಕೈಬರಹವು ಅವುಗಳಲ್ಲಿ ಸ್ವಲ್ಪ. ಹೆಚ್ಚಿನವು ಇತರರು ಆತನಿಗೆ ಬರೆದವು: ಶಿಫಾರಸುಗಳು, ದೂರುಗಳು, ಬುದ್ಧಿವಾದಗಳು, ಕೆಲಸಕ್ಕಾಗಿ ಅರ್ಜಿಗಳು.