‘ವ್ಯಕ್ತಿ’ ಎಂಬ ಪದ ಮತ್ತು ನಾನು ಆಡದ ಮಾತು

ಕಳೆದ ವರ್ಷ ಒಂದು ಮಧ್ಯಾಹ್ನ ಹನ್ನೊಂದು ಜನ ಮೇಜಿನ ಸುತ್ತ ಕೂತು ‘ಬಾಣಂತಿ’ ಎಂಬ ಪದವನ್ನು ತೆಗೆದುಹಾಕಿದೆವು. ಹನ್ನೊಂದರಲ್ಲಿ ನಾನೂ ಒಬ್ಬಳು.

ಫೆಲೋಶಿಪ್ಪಿನ ಹಣ ನಿಂತುಹೋಗಿದ್ದ ತಿಂಗಳುಗಳವು. ಪಿಎಚ್‌ಡಿ ಮುಗಿಯುವವರೆಗೆ ಕೈಖರ್ಚಿಗಾಗಲಿ ಎಂದು ಆರೋಗ್ಯ ಪದಕೋಶವೊಂದರ ಯೋಜನೆಯಲ್ಲಿ ಸಹಾಯಕಿಯಾಗಿ ಸೇರಿದ್ದೆ. ಇಂಗ್ಲಿಷಿನ ಮಾರ್ಗಸೂಚಿಯೊಂದನ್ನು ಮುಂದಿಟ್ಟುಕೊಂಡು, ಯಾರನ್ನೂ ಹೊರಗಿಡದ ಪದಗಳನ್ನು ಕನ್ನಡದಲ್ಲಿ ಹುಡುಕುವುದು ನಮ್ಮ ಕೆಲಸ. ‘ಬಾಣಂತಿ’ ಹೆಂಗಸನ್ನು ಮಾತ್ರ ಹೇಳುತ್ತದೆ; ಗಂಡಾಗಿ ಬದುಕುತ್ತಿರುವ, ಆದರೂ ಹೆರಿಗೆಯಾಗಬಲ್ಲ ಟ್ರಾನ್ಸ್ ಜನರನ್ನು ಹೇಳುವುದಿಲ್ಲ. ಆದ್ದರಿಂದ ‘ಹೆರಿಗೆಯಾದ ವ್ಯಕ್ತಿ’ ಎಂದಾಯಿತು. ಎರಡು ನಿಮಿಷವೂ ಹಿಡಿಯಲಿಲ್ಲ.

ನಮ್ಮಜ್ಜಿ ಸೂಲಗಿತ್ತಿ. ಬಾಣಂತಿ ಎಂದರೆ ನನಗೆ ಬಿಸಿನೀರಿನ ಹಂಡೆ, ಬೆಳ್ಳುಳ್ಳಿ ವಾಸನೆ, ಗಾಳಿಯಾಡದ ಕತ್ತಲೆ ಕೋಣೆ, ಅದರೊಳಗೆ ನೆತ್ತಿಗೆ ಬಟ್ಟೆ ಕಟ್ಟಿಕೊಂಡು ಮಲಗಿದ ಚಿಕ್ಕಮ್ಮ. ಆ ಕೋಣೆಯನ್ನು ನಾನು ಹೊಗಳುತ್ತಿಲ್ಲ, ಅಲ್ಲಿ ಹೆಂಗಸರು ಸತ್ತದ್ದೂ ಉಂಟು. ಆದರೆ ಸತ್ತವರು ಹೆಂಗಸರು, ಹೆಂಗಸಾಗಿದ್ದಕ್ಕೇ ಸತ್ತರು ಎಂಬುದನ್ನು ಆ ಪದ ಮರೆಮಾಡುವುದಿಲ್ಲ. ‘ವ್ಯಕ್ತಿ’ ಮರೆಮಾಡುತ್ತದೆ ಅನ್ನಿಸಿತು. ಕೈ ಎತ್ತಬೇಕೆಂದುಕೊಂಡೆ. ಎತ್ತಲಿಲ್ಲ.

ಕಾರಣಗಳು ದೊಡ್ಡವೇನಲ್ಲ. ನನ್ನ ಗುತ್ತಿಗೆ ಮೂರು ತಿಂಗಳಿಗೊಮ್ಮೆ ನವೀಕರಣವಾಗುತ್ತಿತ್ತು. ಸಭೆಯ ನಡಾವಳಿಯಲ್ಲಿ ಯಾರು ಏನೆಂದರು ಎಂದು ಹೆಸರು ಹಾಕಿ ಬರೆಯುತ್ತಿದ್ದರು. ಎಲ್ಲಕ್ಕಿಂತ ಹೆಚ್ಚಾಗಿ, ಬಾಯಿಬಿಟ್ಟ ಕೂಡಲೇ ನನಗೊಂದು ಚೀಟಿ ಅಂಟುತ್ತದೆಂಬ ಹೆದರಿಕೆ. ‘ಜೆಂಡರ್ ಕ್ರಿಟಿಕಲ್’ ಎಂಬ ಆ ಚೀಟಿಗೆ ಕನ್ನಡದಲ್ಲಿನ್ನೂ ಒಪ್ಪಿತವಾದ ಹೆಸರಿಲ್ಲ. ಹೆಣ್ಣು ಗಂಡೆಂಬುದು ದೇಹದ ಸಂಗತಿ, ಅದು ಬದಲಾಗುವುದಿಲ್ಲ, ಕಾನೂನು ಮತ್ತು ಭಾಷೆ ಅದನ್ನು ಗುರುತಿಸಲೇಬೇಕು ಎನ್ನುವವರಿಗೆ ಬ್ರಿಟನ್ನಿನಲ್ಲಿ ಅಂಟಿರುವ ಹೆಸರದು. ಅವರ ಎಲ್ಲ ಮಾತನ್ನೂ ನಾನು ಒಪ್ಪುವವಳಲ್ಲ. ಒಂದು ಪದದ ಬಗ್ಗೆ ಮಾತ್ರ ನನ್ನ ತಕರಾರು. ಆದರೆ ಚೀಟಿಗೆ ಅಷ್ಟು ವ್ಯವಧಾನ ಇರುವುದಿಲ್ಲ.

ಆ ಸಂಜೆ ಹಾಸ್ಟೆಲಿಗೆ ಬಂದು ನನ್ನ ಪ್ರಬಂಧದ ಅಧ್ಯಾಯ ತೆರೆದರೆ ಅಲ್ಲೂ ಅದೇ ‘ವ್ಯಕ್ತಿ’ ಕಾದು ಕೂತಿತ್ತು.

ನನ್ನ ಸಂಶೋಧನೆ ಹತ್ತೊಂಬತ್ತನೆಯ ಶತಮಾನದ ಬ್ರಿಟಿಷ್ ಕಾನೂನಿನ ಭಾಷೆಯಲ್ಲಿ ಹೆಂಗಸರು ಎಲ್ಲಿದ್ದರು ಎಂಬುದರ ಕುರಿತು. 1867ರ ಮೇ 20ರಂದು ಜಾನ್ ಸ್ಟೂವರ್ಟ್ ಮಿಲ್ ಪಾರ್ಲಿಮೆಂಟಿನಲ್ಲಿ ಒಂದೇ ಒಂದು ಪದದ ತಿದ್ದುಪಡಿ ಮಂಡಿಸಿದ. ಮತದಾನದ ಸುಧಾರಣಾ ಮಸೂದೆಯಲ್ಲಿ ‘ಮ್ಯಾನ್’ ಎಂದಿದ್ದ ಕಡೆ ‘ಪರ್ಸನ್’ ಎಂದಾಗಲಿ, ಅಷ್ಟೇ. ಗಂಡಸು ಹೋಗಿ ವ್ಯಕ್ತಿ ಬಂದರೆ ಹೆಂಗಸಿಗೂ ಮತ ಬಂದಂತೆ. ತಿದ್ದುಪಡಿಯ ಪರವಾಗಿ 73 ಮತ, ವಿರುದ್ಧವಾಗಿ 196. ‘ಮ್ಯಾನ್’ ಉಳಿಯಿತು.

ಆದರೂ ಹೆಂಗಸರಿಗೆ ಇನ್ನೊಂದು ದಾರಿ ಕಂಡಿತು. 1850ರ ಕಾಯ್ದೆಯೊಂದರ ಪ್ರಕಾರ, ಬೇರೆ ರೀತಿ ಸ್ಪಷ್ಟವಾಗಿ ಹೇಳದಿದ್ದರೆ ಕಾನೂನಿನ ಪುಲ್ಲಿಂಗ ಪದಗಳು ಸ್ತ್ರೀಯರನ್ನೂ ಒಳಗೊಳ್ಳುತ್ತಿದ್ದವು. ಹಾಗಾದರೆ ‘ಮ್ಯಾನ್’ ಒಳಗೆ ನಾವೂ ಇದ್ದೇವಲ್ಲ ಎಂದು ಮ್ಯಾಂಚೆಸ್ಟರಿನ 5,346 ಹೆಂಗಸರು ಮತದಾರರ ಪಟ್ಟಿಗೆ ಹೆಸರು ಕೊಟ್ಟರು. 1868ರ ನವೆಂಬರಿನಲ್ಲಿ, ‘ಚಾರ್ಲ್‌ಟನ್ ವಿರುದ್ಧ ಲಿಂಗ್ಸ್’ ಮೊಕದ್ದಮೆಯಲ್ಲಿ, ನ್ಯಾಯಾಲಯ ಅದನ್ನು ತಳ್ಳಿಹಾಕಿತು. ತೆರಿಗೆ ಕಟ್ಟುವಾಗ ಆ ಪುಲ್ಲಿಂಗದೊಳಗೆ ಹೆಂಗಸಿದ್ದಳು. ಮತ ಹಾಕುವಾಗ ಇರಲಿಲ್ಲ. ಇದು ನಮಗೂ ದೂರದ ಕಥೆಯಲ್ಲ. ನಮ್ಮ 1897ರ ಸಾಮಾನ್ಯ ಖಂಡಗಳ ಕಾಯ್ದೆಯ 13ನೇ ಕಲಮಿನಲ್ಲೂ ಅದೇ ನಿಯಮವಿದೆ. ಆದರೂ ಕಾನೂನು ಪದವಿ ಪಡೆದಿದ್ದ ರೆಜಿನಾ ಗುಹಾ ವಕೀಲಿಕೆ ಮಾಡಲು ಅನುಮತಿ ಕೇಳಿದಾಗ, 1916ರಲ್ಲಿ ಕಲ್ಕತ್ತಾ ಹೈಕೋರ್ಟ್ ಆ ಪುಲ್ಲಿಂಗದೊಳಗೆ ಅವರು ಇಲ್ಲವೆಂದಿತು. ಅದನ್ನು ಸರಿಪಡಿಸಲು 1923ರಲ್ಲಿ ಬೇರೊಂದು ಕಾಯ್ದೆಯೇ ಬರಬೇಕಾಯಿತು.

ಅಂದರೆ ‘ವ್ಯಕ್ತಿ’ ಎಂಬ ಪದವನ್ನು ಮೊದಲು ಬೇಡಿದವರು ಹೆಂಗಸರು ಮತ್ತು ಹೆಂಗಸರ ಪರವಾಗಿದ್ದವರು. ನೂರೈವತ್ತು ವರ್ಷದ ನಂತರ ಅದೇ ಪದವನ್ನು ಕಂಡು ಹೆದರಿದವಳು ನಾನು. ಆ ರಾತ್ರಿ ಇದು ನನಗೆ ತಮಾಷೆಯಾಗಿ ಕಾಣಲಿಲ್ಲ.

ಅದೇ ಅಧ್ಯಾಯದಲ್ಲಿ ಲಿಲಿ ಮ್ಯಾಕ್ಸ್‌ವೆಲ್ ಎಂಬ ಅಂಗಡಿಯಾಕೆ ಬರುತ್ತಾಳೆ. ಕಣ್ತಪ್ಪಿನಿಂದ ಅವಳ ಹೆಸರು ಮ್ಯಾಂಚೆಸ್ಟರಿನ ಮತದಾರರ ಪಟ್ಟಿಯಲ್ಲಿ ಸೇರಿಬಿಟ್ಟಿತ್ತು. 1867ರ ನವೆಂಬರಿನ ಉಪಚುನಾವಣೆಯಲ್ಲಿ ಲಿಡಿಯಾ ಬೆಕರ್ ಜೊತೆಗೆ ಹೋಗಿ ಮತ ಹಾಕಿ ಬಂದಳು. ಆಗ ಗುಪ್ತ ಮತದಾನ ಇರಲಿಲ್ಲ. ಅಧಿಕಾರಿಯ ಮುಂದೆ, ಊರಿನ ಜನರ ನಡುವೆ, ಯಾರಿಗೆ ಮತವೆಂದು ಬಾಯಿಬಿಟ್ಟು ಹೇಳಬೇಕು. ಹೇಳಿದಳು. ನೆರೆದವರು ಜೈಕಾರ ಹಾಕಿದರಂತೆ. ಎಲ್ಲರಿಗೂ ಜೈಕಾರ ಸಿಗಲಿಲ್ಲ. ಮರುವರ್ಷದ ಸಾರ್ವತ್ರಿಕ ಚುನಾವಣೆಯಲ್ಲಿ ವೇಲ್ಸಿನ ಗೇಣಿದಾರರು ಒಡೆಯನ ಇಷ್ಟಕ್ಕೆ ವಿರುದ್ಧವಾಗಿ ಹೆಸರು ಹೇಳಿದ್ದಕ್ಕೆ ಒಕ್ಕಲೆಬ್ಬಿಸಿಕೊಂಡರು. ಅನ್ನ ಕೊಡುವವನ ಎದುರು ಅಭಿಪ್ರಾಯ ಹೇಳುವುದು ಎಷ್ಟು ದುಬಾರಿ ಎಂಬ ಅರಿವೂ 1872ರ ಗುಪ್ತ ಮತದಾನದ ಕಾಯ್ದೆಯ ಹಿಂದಿದೆ. ಮತಗಟ್ಟೆಗೆ ಪರದೆ ಬಂತು. ಕಚೇರಿಯ ಸಭೆಗೆ ಅಂಥದ್ದು ಬರಲಿಲ್ಲ, ಬರಲು ಸಾಧ್ಯವೂ ಇಲ್ಲ.

ಉದ್ಯೋಗಸ್ಥಳದಲ್ಲಿ ನಂಬಿಕೆಗೆ ರಕ್ಷಣೆ ಎಂಬುದು ಬ್ರಿಟನ್ನಿನಲ್ಲಿ ತೀರ ಇತ್ತೀಚಿನದು. 2003ರ ನಿಯಮಗಳಲ್ಲಿ ಧರ್ಮ, ಧಾರ್ಮಿಕ ನಂಬಿಕೆ ಮತ್ತು ಅವಕ್ಕೆ ‘ಹೋಲುವ’ ತಾತ್ವಿಕ ನಂಬಿಕೆ ಎಂದಿತ್ತು. 2006ರ ಕಾಯ್ದೆ ಆ ‘ಹೋಲುವ’ ಎಂಬುದನ್ನು ಕಿತ್ತುಹಾಕಿತು. ಇಲ್ಲೂ ಒಂದೇ ಪದ. ಆ ಸಂದಿನಿಂದ ಮೊದಲು ಒಳಬಂದವನು ಟಿಮ್ ನಿಕೋಲ್ಸನ್ ಎಂಬ ಪರಿಸರವಾದಿ. ಆಸ್ತಿ ಕಂಪನಿಯೊಂದರಲ್ಲಿ ಪರಿಸರ ಸುಸ್ಥಿರತೆಯ ಮುಖ್ಯಸ್ಥ. ಮೇಲಧಿಕಾರಿ ಮರೆತು ಬಂದ ಬ್ಲ್ಯಾಕ್‌ಬೆರಿ ಫೋನನ್ನು ತಲುಪಿಸಲು ನೌಕರನೊಬ್ಬನನ್ನು ವಿಮಾನ ಹತ್ತಿಸಿ ಐರ್ಲೆಂಡಿಗೆ ಕಳಿಸಿದ್ದರೆಂದು ಅವನು ದೂರಿದ್ದ. ಹವಾಮಾನ ಬದಲಾವಣೆಯ ಬಗೆಗಿನ ಅವನ ನಂಬಿಕೆಗೂ ರಕ್ಷಣೆ ಸಿಗಬಹುದೆಂದು 2009ರಲ್ಲಿ ಮೇಲ್ಮನವಿ ನ್ಯಾಯಮಂಡಳಿ ಹೇಳಿತು, ಜೊತೆಗೆ ಐದು ಷರತ್ತು ಹಾಕಿತು. ಐದನೆಯದು ಮುಖ್ಯ: ಆ ನಂಬಿಕೆ ಪ್ರಜಾಪ್ರಭುತ್ವದಲ್ಲಿ ಗೌರವಕ್ಕೆ ಅರ್ಹವಾಗಿರಬೇಕು, ಮನುಷ್ಯರ ಘನತೆಗೆ ವಿರುದ್ಧವಾಗಿರಬಾರದು, ಇತರರ ಮೂಲಭೂತ ಹಕ್ಕುಗಳ ಜೊತೆ ಘರ್ಷಿಸಬಾರದು.

ಮಾಯಾ ಫಾರ್‌ಸ್ಟೇಟರ್ ಮೊದಲಿಗೆ ಎಡವಿದ್ದು ಈ ಐದನೆಯದರಲ್ಲೇ. ಲಂಡನ್ನಿನ ಚಿಂತನ ಸಂಸ್ಥೆಯೊಂದರಲ್ಲಿ ಆಕೆ ತೆರಿಗೆ ವಿಷಯದ ಸಂಶೋಧಕಿ. 2018ರಲ್ಲಿ ಸರ್ಕಾರ ಲಿಂಗ ಗುರುತಿನ ಕಾಯ್ದೆ ಬದಲಿಸುವ ಬಗ್ಗೆ ಅಭಿಪ್ರಾಯ ಕೇಳಿದಾಗ ಟ್ವಿಟರಿನಲ್ಲಿ ತನ್ನದನ್ನು ಬರೆದರು. ಸಹೋದ್ಯೋಗಿಗಳು ದೂರಿತ್ತರು, ಸಂಸ್ಥೆಯೊಂದಿಗಿನ ಒಪ್ಪಂದ ನವೀಕರಣವಾಗಲಿಲ್ಲ. ಗುತ್ತಿಗೆಯ ನೌಕರಳನ್ನು ಹೊರಗೆ ಹಾಕಬೇಕಾಗಿಲ್ಲ, ಒಳಗೆ ಕರೆಯದಿದ್ದರೆ ಸಾಕು. ಇದನ್ನು ಓದುವ ಸಂಶೋಧನಾ ವಿದ್ಯಾರ್ಥಿಗಳಿಗೆ ಬಿಡಿಸಿ ಹೇಳಬೇಕಿಲ್ಲ. ಆಕೆಯ ನಂಬಿಕೆ ಗೌರವಕ್ಕೆ ಅರ್ಹವಲ್ಲವೆಂದು 2019ರ ಡಿಸೆಂಬರಿನಲ್ಲಿ ಉದ್ಯೋಗ ನ್ಯಾಯಮಂಡಳಿ ತೀರ್ಪಿತ್ತಿತು. 2021ರ ಜೂನ್ 10ರಂದು ಮೇಲ್ಮನವಿ ನ್ಯಾಯಮಂಡಳಿಯ ನ್ಯಾಯಮೂರ್ತಿ ಚೌಧುರಿ ಅದನ್ನು ತಿರುಗಿಸಿದರು. ನಾಜಿವಾದದಂಥ ನಂಬಿಕೆಗಳು ಮಾತ್ರ ಆ ಐದನೆಯ ಷರತ್ತಿನಲ್ಲಿ ಹೊರಗುಳಿಯುತ್ತವೆ, ಇನ್ನೊಬ್ಬರನ್ನು ನೋಯಿಸಬಹುದಾದ ನಂಬಿಕೆಗಳೆಲ್ಲವೂ ಅಲ್ಲ ಎಂದರು. 2022ರಲ್ಲಿ ಆಕೆ ತಾರತಮ್ಯಕ್ಕೆ ಒಳಗಾಗಿದ್ದು ಸಾಬೀತಾಯಿತು; ಮರುವರ್ಷ 1 ಲಕ್ಷ ಪೌಂಡಿಗೂ ಹೆಚ್ಚು ಪರಿಹಾರ ಸಿಕ್ಕಿತು.

ಗೆದ್ದವರು ಹಂಚಿಕೊಳ್ಳುವಾಗ ಹೆಚ್ಚಾಗಿ ಬಿಟ್ಟುಬಿಡುವ ಭಾಗವೊಂದು ಚೌಧುರಿಯವರ ತೀರ್ಪಿನಲ್ಲಿದೆ. ಈ ನಂಬಿಕೆ ಉಳ್ಳವರು ಟ್ರಾನ್ಸ್ ಜನರನ್ನು ಬೇಕಾದಂತೆ ಕರೆಯಬಹುದೆಂದು ಇದರ ಅರ್ಥವಲ್ಲ. ಕಿರುಕುಳದ ವಿರುದ್ಧ ಅವರಿಗಿರುವ ರಕ್ಷಣೆ ಹಾಗೇ ಇದೆ ಎಂದು ಅವರು ಬರೆದರು. ಅದರ ಅರ್ಥವೇನೆಂದು ಮರುವರ್ಷ ಡಾಕ್ಟರ್ ಮ್ಯಾಕೆರೆತ್ ಪ್ರಕರಣ ತೋರಿಸಿತು. ಅಂಗವೈಕಲ್ಯ ಭತ್ಯೆಗೆ ಬರುವವರನ್ನು ಅವರು ಬಯಸಿದ ಸರ್ವನಾಮದಿಂದ ಕರೆಯಲಾರೆ ಎಂದಿದ್ದ ವೈದ್ಯ ಆತ. ನಂಬಿಕೆಗೆ ರಕ್ಷಣೆಯಿದೆ, ಆದರೆ ಸಂಕಟದಲ್ಲಿ ಎದುರು ಕೂತವರ ಮೇಲೆ ಅದನ್ನು ಹೀಗೆ ಹೇರಗೊಡದಿದ್ದುದು ತಾರತಮ್ಯವಲ್ಲ ಎಂದು ಅವನ ಮೇಲ್ಮನವಿ ವಜಾ ಆಯಿತು. ಇನ್ನೊಂದು ತುದಿಯಲ್ಲಿ ಮುಕ್ತ ವಿಶ್ವವಿದ್ಯಾಲಯದ ಅಪರಾಧಶಾಸ್ತ್ರದ ಪ್ರಾಧ್ಯಾಪಕಿ ಜೋ ಫೀನಿಕ್ಸ್. ಆಕೆಯ ಸಂಶೋಧನಾ ಜಾಲದ ವಿರುದ್ಧ 360ಕ್ಕೂ ಹೆಚ್ಚು ಸಹೋದ್ಯೋಗಿಗಳು ಬಹಿರಂಗ ಪತ್ರಕ್ಕೆ ಸಹಿ ಹಾಕಿದ್ದರು. ವಿಭಾಗದ ಹಿರಿಯರೊಬ್ಬರು ಆಕೆಯನ್ನು ಕ್ರಿಸ್‌ಮಸ್ ಊಟದ ಮೇಜಿಗೆ ಬಂದು ಕೂತ ಜನಾಂಗದ್ವೇಷಿ ಚಿಕ್ಕಪ್ಪನಿಗೆ ಹೋಲಿಸಿದ್ದರು. ಅದು ಕಿರುಕುಳವೆಂದು 2024ರ ಜನವರಿಯಲ್ಲಿ ತೀರ್ಪು ಬಂತು. 2025ರ ಏಪ್ರಿಲಿನಲ್ಲಿ ಸಮಾನತೆಯ ಕಾಯ್ದೆಯಲ್ಲಿನ ‘ಹೆಂಗಸು’ ಎಂದರೆ ಜೈವಿಕವಾಗಿ ಹೆಣ್ಣಾದವಳು ಎಂದು ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಟ್ರಾನ್ಸ್ ಜನರಿಗೆ ತಾರತಮ್ಯದ ವಿರುದ್ಧ ಆ ಕಾಯ್ದೆಯಲ್ಲಿರುವ ರಕ್ಷಣೆ ಮುಂದುವರಿಯುತ್ತದೆ ಎಂದೂ ಹೇಳಿತು.

ಈ ತೀರ್ಪುಗಳನ್ನೆಲ್ಲ ಓದಿದ ಮೇಲೆ ನನ್ನ ಧೈರ್ಯ ಹೆಚ್ಚಬೇಕಿತ್ತು. ಬದಲಿಗೆ ನನ್ನ ಮೇಲೆ ನನಗೇ ಅನುಮಾನ ಬಂದದ್ದು ಬೇರೊಂದು ಕಾಗದದಿಂದ. 2021ರ ಫೆಬ್ರವರಿಯಲ್ಲಿ ಬ್ರೈಟನ್ನಿನ ಸರ್ಕಾರಿ ಆಸ್ಪತ್ರೆಗಳ ಹೆರಿಗೆ ವಿಭಾಗ ಭಾಷೆಯ ಮಾರ್ಗಸೂಚಿಯೊಂದನ್ನು ಹೊರಡಿಸಿತು. ಸೂಲಗಿತ್ತಿಯರು ಇನ್ನು ‘ಎದೆಹಾಲು’ ಎನ್ನುವಂತಿಲ್ಲವಂತೆ ಎಂದು ಪತ್ರಿಕೆಗಳು ಕೂಗಿದವು. ನನ್ನ ತಲೆಯಲ್ಲೂ ಕೂತಿದ್ದದ್ದು ಅದೇ. ಮೂಲ ಕಾಗದ ತೆಗೆದು ಓದಿದರೆ, ‘ಹೆಂಗಸು’, ‘ತಾಯಿ’ ಎಂಬ ಪದಗಳನ್ನು ತೆಗೆಯುವ ಮಾತೇ ಇರಲಿಲ್ಲ. ಅವುಗಳ ಪಕ್ಕದಲ್ಲಿ ಇನ್ನೊಂದು ಪದ ಸೇರಿಸಿ ಎಂದಿತ್ತು. ಒಬ್ಬರೊಡನೆ ನೇರವಾಗಿ ಮಾತಾಡುವಾಗ ಅವರಿಗೆ ಒಗ್ಗುವ ಪದ ಬಳಸಿ ಎಂದಿತ್ತು. ತೆಗೆದುಹಾಕಿದ್ದು ಬ್ರೈಟನ್ ಅಲ್ಲ, ನಮ್ಮ ಹನ್ನೊಂದು ಜನರ ಮೇಜು. ಬಾಯಿ ಮುಚ್ಚಿಕೊಂಡು ಕೂತವಳ ಪಾಲೂ ಅದರಲ್ಲಿತ್ತು.

ಮಾತ್ರವಲ್ಲ, ಕನ್ನಡದಲ್ಲಿ ‘ವ್ಯಕ್ತಿ’ ನಾವಂದುಕೊಂಡಷ್ಟು ತಟಸ್ಥವೂ ಅಲ್ಲ. ನಮ್ಮದೇ ಕರಡಿನ ಉದಾಹರಣೆ ವಾಕ್ಯ ಹೀಗಿತ್ತು: ಒಬ್ಬ ವ್ಯಕ್ತಿಗೆ ಹೆರಿಗೆಯಾದ ನಂತರ. ಒಬ್ಬ! ‘ಒಬ್ಬಳು ವ್ಯಕ್ತಿ’ ಎಂದು ಯಾರೂ ಬರೆಯುವುದಿಲ್ಲ. ಎಲ್ಲರನ್ನೂ ಒಳಗೆ ಕರೆಯಲು ಹೋಗಿ ನಾವು 1868ರ ಪುಲ್ಲಿಂಗದ ಬಾಗಿಲಿಗೆ ಬಂದು ನಿಂತಿದ್ದೆವು. ಇದನ್ನು ಹೇಳುವುದಕ್ಕೆ ಯಾವ ಪಕ್ಷವನ್ನೂ ಸೇರಬೇಕಿರಲಿಲ್ಲ. ಕನ್ನಡ ಗೊತ್ತಿದ್ದರೆ ಸಾಕಿತ್ತು.

ಆ ಮೇಜಿನಲ್ಲಿ ನನಗಿಂತ ಮೂರು ವರ್ಷ ಚಿಕ್ಕವನಾದ ಸಹೋದ್ಯೋಗಿಯೊಬ್ಬನಿದ್ದ. ಹೆಣ್ಣಾಗಿ ಹುಟ್ಟಿ ಈಗ ಗಂಡಾಗಿ ಬದುಕುತ್ತಿರುವವನು. ಹೆಸರು ಹಾಕದೆ ಬರೆಯಲು ಅವನ ಒಪ್ಪಿಗೆ ಪಡೆದಿದ್ದೇನೆ. ವಾರದ ನಂತರ ಕ್ಯಾಂಟೀನಿನಲ್ಲಿ ಅವನಿಗೆ ಎಲ್ಲವನ್ನೂ ಹೇಳಿಬಿಟ್ಟೆ. ಟೀ ಆರುವಷ್ಟು ಹೊತ್ತು ಸುಮ್ಮನಿದ್ದ.

“ಅಕ್ಕ, ಆವತ್ತು ನೀವು ಏನೋ ನುಂಗಿಕೊಂಡದ್ದು ನನಗೆ ಕಾಣಿಸ್ತು,” ಅಂದ. “ಹೇಳಿದ್ರೆ ನೋವಾಗ್ತಿತ್ತು, ಸುಳ್ಳು ಹೇಳಲ್ಲ. ಆದ್ರೆ ಹೇಳದೆ ಇದ್ದಿದ್ದಕ್ಕೆ ನಾನು ಅದಕ್ಕಿಂತ ಕೆಟ್ಟದ್ದನ್ನ ಊಹಿಸ್ಕೊಂಡೆ.”

“ಬಾಣಂತಿ ಅನ್ನೋ ಪದ ಬೇಡ್ವಾ ನಿನಗೆ?”

“ನನ್ನನ್ನ ಹಾಗೆ ಕರೀಬೇಡಿ. ನಿಮ್ಮ ಚಿಕ್ಕಮ್ಮನ್ನ ಕರೀರಿ, ನನಗೇನು? ಹೋದ್ವರ್ಷ ಹೊಟ್ಟೆನೋವು ಅಂತ ಸ್ತ್ರೀರೋಗ ವಿಭಾಗಕ್ಕೆ ಹೋಗಿದ್ದೆ. ಅಷ್ಟು ಜನರ ಮಧ್ಯೆ ‘ಶ್ರೀಮತಿ’ ಅಂತ ಸೇರಿಸಿ ನನ್ನ ಹಳೇ ಹೆಸರು ಕೂಗಿದ್ರು. ಎದ್ದು ನಿಲ್ಲೋಕಾಗ್ಲಿಲ್ಲ. ಹಾಗೇ ಮನೆಗೆ ಬಂದೆ. ನಿಮ್ಮ ಪದಕೋಶದಿಂದ ಅದು ಸರಿಹೋಗುತ್ತಾ?”

ಸರಿಹೋಗುವುದಿಲ್ಲ. ಎಲ್ಲರ ಮಧ್ಯೆ ಕೂಗಿ ಹೇಳಿದ ಹೆಸರು. ನನಗೆ ವೇಲ್ಸಿನ ಗೇಣಿದಾರರ ನೆನಪಾಯಿತು. ಅದನ್ನು ಅವನಿಗೆ ಹೇಳಲಿಲ್ಲ, ಹೇಳಿದ್ದರೆ ಥೀಸಿಸ್ ಕೊರೆಯಬೇಡಿ ಅನ್ನುತ್ತಿದ್ದ.

ಮರುದಿನ ಕರಡಿನ ಅಂಚಿನಲ್ಲಿ ಬರೆದೆ: ‘ಬಾಣಂತಿ’ ಉಳಿಯಲಿ, ಪಕ್ಕದಲ್ಲಿ ‘ಹೆರಿಗೆಯಾದವರು’ ಸೇರಲಿ, ‘ಒಬ್ಬ ವ್ಯಕ್ತಿ’ ಬೇಡ. ಕೆಳಗೆ ಪೂರ್ತಿ ಹೆಸರು ಹಾಕಿದೆ. ಮೇಡಂ ಅದನ್ನು ಮುಂದಿನ ಸಭೆಯ ವಿಷಯಪಟ್ಟಿಗೆ ಸೇರಿಸಿದ್ದಾರೆ. ಸಭೆ ಎರಡು ಸಲ ಮುಂದೆ ಹೋಗಿದೆ. ನನ್ನ ಗುತ್ತಿಗೆಯ ನವೀಕರಣವೂ ಅದೇ ತಿಂಗಳು ಬರುತ್ತದೆ.