ಒಂದು ಚಿಟಿಕೆ ಪೆಟ್ಲುಪ್ಪು: ಹ್ಯಾಮ್ ಗುಲಾಬಿ ಆಗಿದ್ದರ ಹಿಂದಿನ ಕತೆ

ಕಳೆದ ಡಿಸೆಂಬರ್ 23ರ ಬೆಳಿಗ್ಗೆ ನಾನು ಒಂದು ಕೆ.ಜಿ. ಹಂದಿಮಾಂಸವನ್ನ ಎರಡೆರಡು ಕವರ್‌ನಲ್ಲಿ ಸುತ್ತಿ, ಮೇಲೆ ಮಾರ್ಕರ್‌ನಲ್ಲಿ ‘ವಿಷ’ ಅಂತ ಬರೆದು, ಕಸದ ಗಾಡಿಯವರಿಗೆ ವಿಷಯ ಹೇಳಿ ಕೈಗೇ ಕೊಟ್ಟೆ. ಮಾಂಸ ಕೆಟ್ಟಿರಲಿಲ್ಲ, ನೋಡೋಕೆ ಚೆನ್ನಾಗೇ ಇತ್ತು. ಮಾರನೇ ದಿನ ಆರು ಜನ ಫ್ರೆಂಡ್ಸ್ ಅದನ್ನ ಬ್ರೆಡ್ ನಡುವೆ ಇಟ್ಕೊಂಡು ತಿನ್ನೋಕೆ ಬರೋರಿದ್ರು.

ಶುರುವಿನಿಂದ ಹೇಳ್ತೀನಿ. ನಾನು ಬಾಡಿಗೆಗಿರೋ ಮನೆಯ ಓನರ್ ಒಬ್ಬರು ಆಂಗ್ಲೋ ಇಂಡಿಯನ್ ಆಂಟಿ, ಕೆಜಿಎಫ್‌ನಲ್ಲಿ ಬೆಳೆದವರು. ಕ್ರಿಸ್‌ಮಸ್‌ಗೆ ಒಂದು ವಾರ ಮುಂಚೆ ಮಾಂಸಕ್ಕೆ ಉಪ್ಪು, ಕಂದು ಸಕ್ಕರೆ, ನಿಂಬೆರಸ ಹಚ್ಚಿ, ಫೋರ್ಕ್‌ನಲ್ಲಿ ಚುಚ್ಚಿ ಚುಚ್ಚಿ, ದಿನಾ ತಿರುವಿ ಹಾಕಿ, ಆಮೇಲೆ ಬೇಯಿಸಿ, ಮೇಲೆ ಕಲ್ಲಿಟ್ಟು ಒತ್ತುತ್ತಾರೆ. ತೆಳ್ಳಗೆ ಕತ್ತರಿಸಿದರೆ ಒಳಗೆಲ್ಲ ಗುಲಾಬಿ. ರೆಸಿಪಿ ಕೇಳಿದೆ. ಎಲ್ಲಾ ಹೇಳಿ, ಕೊನೆಗೆ ‘ಒಂದು ಚಿಟಿಕೆ ಸಾಲ್ಟ್‌ಪೀಟರ್’ ಅಂದ್ರು. ಎಷ್ಟು ಗ್ರಾಂ ಆಂಟಿ ಅಂದಿದ್ದಕ್ಕೆ, ‘ಏನ್ ಮ್ಯಾನ್, ಚಿಟಿಕೆ ಅಂದ್ರೆ ಚಿಟಿಕೆ!’

ಸಾಲ್ಟ್‌ಪೀಟರ್ ಅಂದ್ರೆ ನಮ್ಮ ಪೆಟ್ಲುಪ್ಪು, ಪೊಟ್ಯಾಸಿಯಂ ನೈಟ್ರೇಟ್. ಪಟಾಕಿ ಮದ್ದಿಗೂ ಅದೇ ಬೇಕು. ಗ್ರಂಥಿಗೆ ಅಂಗಡಿಯಲ್ಲಿ ಸಿಗಲಿಲ್ಲ. ಒಂದು ಕೆಮಿಕಲ್ ಅಂಗಡಿಗೆ ಹೋಗಿ ‘ಮಾಂಸಕ್ಕೆ ಹಾಕೋ ಸಾಲ್ಟ್ ಕೊಡಿ’ ಅಂದೆ. ಕೊಟ್ಟರು. ಚಿಟಿಕೆ ಕಡಿಮೆ ಆದೀತು ಅಂತ ನಾನು ಒಂದು ಚಮಚ ಹಾಕಿದೆ, ಹತ್ತಿರ ಹತ್ತಿರ 5 ಗ್ರಾಂ. 22ರ ರಾತ್ರಿ ಈ ಎಪಿಸೋಡ್‌ಗೆ ಓದ್ತಾ ಕೂತಾಗ ಪ್ಯಾಕೆಟ್ ಮೇಲೆ ಕಣ್ಣು ಬಿತ್ತು. ನೈಟ್ರೇಟ್ ಅಲ್ಲ, ಸೋಡಿಯಂ ನೈಟ್ರೈಟ್. ಟ್ರೇ, ಟ್ರೈ – ಕನ್ನಡದಲ್ಲಿ ಒಂದು ಗುಣಿತದ ವ್ಯತ್ಯಾಸ ಅಷ್ಟೇ. ಆ ವ್ಯತ್ಯಾಸ ಎಷ್ಟು ದೊಡ್ಡದು ಅಂತ ಗೊತ್ತಾಗೋಕೆ ನಾನು ಮುನ್ನೂರು ವರ್ಷ ಹಿಂದೆ ಹೋಗಬೇಕಾಯ್ತು.

ಹೋಗಿ ನಿಂತಿದ್ದು ಬಿಹಾರದ ಹಳ್ಳಿಗಳಲ್ಲಿ. ದನಕರುಗಳ ಗಂಜಲ ಇಂಗಿದ ನೆಲ, ಹಳೇ ಮಣ್ಣಿನ ಗೋಡೆ – ಇವುಗಳ ಮೇಲೆ ಬಿಸಿಲು ಕಾಲದಲ್ಲಿ ಬಿಳೀ ಹುಡಿ ಏಳುತ್ತೆ. ನೋನಿಯಾ ಅನ್ನೋ ಸಮುದಾಯದವರು ಅದನ್ನ ಕೆರೆದು, ನೀರಲ್ಲಿ ಕರಗಿಸಿ, ಸೋಸಿ, ಕುದಿಸಿ ಹರಳು ಮಾಡ್ತಿದ್ರು. ಪಾಟ್ನಾದಿಂದ ಗಂಗೆಯಲ್ಲಿ ದೋಣಿ, ಹೂಗ್ಲಿಯಿಂದ ಹಡಗು. ಡಚ್ಚರು, ಇಂಗ್ಲಿಷರು ಇದಕ್ಕೆ ಪೈಪೋಟಿ ಮಾಡಿದ್ದು ಮುಖ್ಯವಾಗಿ ಕೋವಿಮದ್ದಿಗೆ. ಹಡಗು ಅಲ್ಲಾಡದ ಹಾಗೆ ತಳದಲ್ಲಿ ತುಂಬೋ ಭಾರಕ್ಕೂ ಆಗ್ತಿತ್ತು, ಸರಕೂ ಹೌದು. ಬಿ.ಕಾಂ. ಓದಿದವನಿಗೆ ಇಂಥ ಲೆಕ್ಕ ಬಹಳ ಇಷ್ಟ! ಪ್ಲಾಸಿ ಕದನದ ಮರುವರ್ಷ, 1758ರಲ್ಲಿ, ಬಿಹಾರದ ಪೆಟ್ಲುಪ್ಪಿನ ಏಕಸ್ವಾಮ್ಯ ಈಸ್ಟ್ ಇಂಡಿಯಾ ಕಂಪನಿ ಕೈಗೆ ಹೋಯ್ತು.

ಫಿರಂಗಿಗೆ ಹೋಗೋ ಈ ವಸ್ತು ಯುರೋಪಿನ ಅಡುಗೆಮನೆಯಲ್ಲೂ ಇತ್ತು. 1747ರಲ್ಲಿ ಹನ್ನಾ ಗ್ಲಾಸ್ ಲಂಡನ್ನಿನಲ್ಲಿ ತಂದ ಅಡುಗೆ ಪುಸ್ತಕದಲ್ಲಿ ಹ್ಯಾಮ್‌ಗೆ ಉಪ್ಪಿನ ಜೊತೆ ಸಾಲ್ಟ್‌ಪೀಟರ್ ಹಾಕೋಕೆ ಹೇಳಿದೆ. ಯಾಕೆ ಹಾಕಬೇಕು ಅಂತ ಆಗ ಯಾರಿಗೂ ಗೊತ್ತಿರಲಿಲ್ಲ. ಬಣ್ಣ ಬರುತ್ತೆ, ರುಚಿ ಬರುತ್ತೆ, ಅಷ್ಟೇ.

ಆದರೆ ಮನೆಯಲ್ಲಿ ಮಾಡಿಟ್ಟ ಮಾಂಸ ಜೀವ ತೆಗೀಬಹುದು ಅಂತ ಜನಕ್ಕೆ ಗೊತ್ತಿತ್ತು. 1793ರಲ್ಲಿ ಜರ್ಮನಿಯ ವಿಲ್ಡ್‌ಬಾಡ್‌ನಲ್ಲಿ ಹಂದಿಯ ಹೊಟ್ಟೆಯೊಳಗೆ ತುಂಬಿ ಮಾಡಿದ ಸಾಸೇಜ್ ತಿಂದು 13 ಜನ ಕಾಯಿಲೆ ಬಿದ್ದು, 6 ಜನ ಸತ್ತರು. ಯುಸ್ಟಿನಸ್ ಕೆರ್ನರ್ ಅನ್ನೋ ವೈದ್ಯ (ಕವಿ ಕೂಡ ಹೌದು) 1820ರ ಸುಮಾರಿಗೆ ಇಂಥ ಕೇಸುಗಳನ್ನ ಒಟ್ಟುಗೂಡಿಸಿ ಬರೆದ. ಕೆಟ್ಟ ಸಾಸೇಜಿನಿಂದ ತೆಗೆದ ರಸವನ್ನ ತಾನೇ ನೆಕ್ಕಿ ನೋಡಿದ ಪುಣ್ಯಾತ್ಮ! ಸಾಸೇಜ್‌ಗೆ ಲ್ಯಾಟಿನ್‌ನಲ್ಲಿ ಬೊಟುಲಸ್ ಅಂತಾರೆ. ಬೊಟುಲಿಸಂ ಅನ್ನೋ ಹೆಸರು ಬಂದಿದ್ದು ಅಲ್ಲಿಂದ.

ಕಾರಣ ಸಿಕ್ಕಿದ್ದು ಬೆಲ್ಜಿಯಂನಲ್ಲಿ. ಡಿಸೆಂಬರ್ 1895, ಎಲ್ಲೆಝೆಲ್ ಅನ್ನೋ ಹಳ್ಳಿ. ಒಂದು ಸಾವಿಗೆ ವಾದ್ಯ ನುಡಿಸೋಕೆ ಬಂದ ಬ್ಯಾಂಡ್‌ನವರು ಊಟಕ್ಕೆ ಕೂತು ಹ್ಯಾಮ್ ತಿಂದರು. ಆಮೇಲೆ ಕಣ್ಣು ಮಂಜು, ಎರಡೆರಡು ಕಾಣೋದು, ನುಂಗೋಕಾಗದು. ಮೂವರು ಸತ್ತರು. ಎಮಿಲ್ ವಾನ್ ಎರ್ಮೆಂಗೆಮ್ ಅನ್ನೋ ವಿಜ್ಞಾನಿ ಉಳಿದ ಹ್ಯಾಮನ್ನೇ ಪರೀಕ್ಷೆ ಮಾಡಿ, ಗಾಳಿ ಇಲ್ಲದ ಕಡೆ ಮಾತ್ರ ಬೆಳೆಯೋ ಒಂದು ಬ್ಯಾಕ್ಟೀರಿಯಾ ಹಿಡಿದ. ಉಪ್ಪುನೀರಲ್ಲಿ ಮುಳುಗಿ ಗಾಳಿ ತಾಗದ ಮಾಂಸ ಅದಕ್ಕೆ ಹೇಳಿ ಮಾಡಿಸಿದ ಮನೆ.

ಅದೇ ಹೊತ್ತಿಗೆ ಪೆಟ್ಲುಪ್ಪಿನ ಗುಟ್ಟೂ ಬಿಚ್ಚಿಕೊಳ್ತಿತ್ತು. ಪೆಟ್ಲುಪ್ಪು ನೇರವಾಗಿ ಕೆಲಸ ಮಾಡಲ್ಲ. ಮಾಂಸದಲ್ಲಿರೋ ಬ್ಯಾಕ್ಟೀರಿಯಾಗಳು ನೈಟ್ರೇಟನ್ನ ನಿಧಾನಕ್ಕೆ ನೈಟ್ರೈಟ್ ಮಾಡುತ್ತವೆ. ಆ ನೈಟ್ರೈಟ್ ಬೊಟುಲಿಸಂ ಬ್ಯಾಕ್ಟೀರಿಯಾನ ತಡೆಯುತ್ತೆ. ಅದರಿಂದ ಹುಟ್ಟೋ ನೈಟ್ರಿಕ್ ಆಕ್ಸೈಡ್ ಮಾಂಸದ ಕೆಂಪಿಗೆ ಅಂಟಿಕೊಂಡು ಬೇಯಿಸಿದ ಮೇಲೂ ಗುಲಾಬಿ ಉಳಿಸುತ್ತೆ. ಈ ಬಣ್ಣದ ವಿಚಾರವನ್ನ 1901ರಲ್ಲಿ ವಿವರಿಸಿದ್ದು ಜೆ.ಎಸ್. ಹಾಲ್ಡೇನ್, ಕಲ್ಲಿದ್ದಲು ಗಣಿಗೆ ಕ್ಯಾನರಿ ಹಕ್ಕಿ ತಗೊಂಡು ಹೋಗಿ ಅಂದ ಮಹಾಶಯನೇ. ಗಣಿ ಊರಿನ ಆಂಟಿಗೆ ಇದು ಹೇಳಿದಾಗ ಬಹಳ ಖುಷಿಯಾಯ್ತು.

ಹಾಗಾದ್ರೆ ನೈಟ್ರೈಟನ್ನೇ ನೇರ ಹಾಕಿದ್ರೆ ವಾರಗಟ್ಟಲೆ ಕಾಯೋದು ಉಳಿಯುತ್ತಲ್ಲ? ಕಾರ್ಖಾನೆಯವರು ಅದನ್ನೇ ಮಾಡಿದ್ರು, 1925ರಲ್ಲಿ ಅಮೆರಿಕ ಅನುಮತಿಯನ್ನೂ ಕೊಟ್ಟಿತು. ತೊಂದರೆ ಏನಪ್ಪಾ ಅಂದ್ರೆ, ನೈಟ್ರೈಟ್ ನೋಡೋಕೆ ಅಡುಗೆ ಉಪ್ಪಿನ ಹಾಗೇ ಇರುತ್ತೆ, ಕೆಲವೇ ಗ್ರಾಂ ಹೊಟ್ಟೆಗೆ ಹೋದ್ರೆ ಮನುಷ್ಯ ಸಾಯಬಹುದು. ನ್ಯೂಯಾರ್ಕ್, 1944. ಒಂದು ಅಗ್ಗದ ಹೋಟೆಲಲ್ಲಿ ಓಟ್ಸ್ ಗಂಜಿ ತಿಂದ ಹನ್ನೊಂದು ಮಂದಿ ಒಬ್ಬರ ಹಿಂದೆ ಒಬ್ಬರು ಆಸ್ಪತ್ರೆಗೆ ಬಂದ್ರು. ತುಟಿ, ಕಿವಿ, ಬೆರಳು ಎಲ್ಲಾ ನೀಲಿ! ರಕ್ತ ಆಮ್ಲಜನಕ ಹೊರೋದನ್ನೇ ನಿಲ್ಲಿಸಿತ್ತು. ಗಂಜಿಗೆ ಉಪ್ಪಿನ ಬದಲು ಸೋಡಿಯಂ ನೈಟ್ರೈಟ್ ಬಿದ್ದಿತ್ತು. ಮೆಥಿಲೀನ್ ಬ್ಲೂ ಅನ್ನೋ ನೀಲಿ ಔಷಧಿ ಚುಚ್ಚಿದ್ರೂ ಒಬ್ಬ ಉಳಿಯಲಿಲ್ಲ.

ಜರ್ಮನಿ ಇದಕ್ಕೂ ಹತ್ತು ವರ್ಷ ಮುಂಚೆಯೇ, 1934ರಲ್ಲಿ, ನೈಟ್ರೈಟನ್ನ ಶುದ್ಧವಾಗಿ ಮಾಂಸಕ್ಕೆ ಹಾಕೋ ಹಾಗಿಲ್ಲ, ಉಪ್ಪಿನಲ್ಲಿ ಬೆರೆಸಿಯೇ ಮಾರಬೇಕು, ಅದೂ ಶೇ. 0.5ರಿಂದ 0.6 ಮಾತ್ರ ಅಂತ ಕಾನೂನು ಮಾಡಿತ್ತು. ಈಗ ಆನ್‌ಲೈನಲ್ಲಿ ಸಿಗೋ ಅಮೆರಿಕನ್ ಮಾದರಿಯ ಕ್ಯೂರಿಂಗ್ ಸಾಲ್ಟ್‌ನಲ್ಲಿ ಶೇ. 6.25 ನೈಟ್ರೈಟ್, ಉಳಿದಿದ್ದು ಉಪ್ಪು. ಅಡುಗೆ ಉಪ್ಪಿನ ಜೊತೆ ಅದಲು ಬದಲಾಗದಿರಲಿ ಅಂತ ಗುಲಾಬಿ ಬಣ್ಣ ಸೇರಿಸಿರ್ತಾರೆ. ಕೆ.ಜಿ. ಮಾಂಸಕ್ಕೆ 2.5 ಗ್ರಾಂ. 2.5ರ ಶೇ. 6.25 ಅಂದ್ರೆ 156 ಮಿಲಿಗ್ರಾಂ. ಕೊಚ್ಚಿದ ಮಾಂಸಕ್ಕೆ ಅಮೆರಿಕದ ಮಿತಿಯೂ ಅಷ್ಟೇ.

ನಾನು ಹಾಕಿದ್ದು 5,000 ಮಿಲಿಗ್ರಾಂ. ಭಾಗಿಸಿ ನೋಡಿ, 32 ಪಟ್ಟು. ಮೂರು ಸಲ ಕ್ಯಾಲ್ಕುಲೇಟರ್ ಒತ್ತಿದೆ. ಆಮೇಲೆ ಫ್ರೆಂಡ್ಸ್ ಗ್ರೂಪಲ್ಲಿ ‘ನಾಳಿದ್ದು ಪಿಜ್ಜಾ’ ಅಂತ ಮೆಸೇಜ್ ಹಾಕಿದೆ, ಕಾರಣ ಹೇಳೋ ಧೈರ್ಯ ಆಗಲಿಲ್ಲ. ಈಗ ಕೇಳ್ತಿದ್ದೀರಲ್ಲ ಮಗಾ, ಸಾರಿ.

ಸರಿಯಾದ ಅಳತೇಲಿ ಮಾಡಿದ್ರೂ ದಿನಾ ತಿನ್ನೋ ಪದಾರ್ಥ ಅಲ್ಲ ಇದು. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಸಂಸ್ಕರಿಸಿದ ಮಾಂಸವನ್ನ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ನಂಗೆ ವರ್ಷಕ್ಕೊಂದು ಕ್ರಿಸ್‌ಮಸ್ ಸಾಕು.

ಈ ಸಲ ಬಣ್ಣದ ಕ್ಯೂರಿಂಗ್ ಸಾಲ್ಟ್ ತರಿಸಿದೆ, ಚಿನ್ನ ತೂಗೋವಂಥ ಒಂದು ಪುಟಾಣಿ ಡಿಜಿಟಲ್ ತಕ್ಕಡಿನೂ. ತಕ್ಕಡಿ ಬಂದ ದಿನ ಆಂಟಿ ಹತ್ತಿರ ಹೋಗಿ, ಅವರ ಹಳೇ ಸಾಲ್ಟ್‌ಪೀಟರ್ ಡಬ್ಬಿಯಿಂದ ಒಂದು ಚಿಟಿಕೆ ಹಾಕಿ ಅಂದೆ. ಹಾಕಿದ್ರು: 0.4 ಗ್ರಾಂ. ಇನ್ನೊಂದು ಸಲ: 0.5. ಮತ್ತೆ: 0.4. ಆಂಟಿ ಕನ್ನಡಕ ಮೇಲೇರಿಸಿ ನಂಬರ್ ನೋಡಿ, ‘ನಮ್ಮಮ್ಮಂದೂ ಇಷ್ಟೇ ಇರ್ತಿತ್ತು ಮ್ಯಾನ್. ಈಗ ನಿಂದು ಹಾಕು’ ಅಂದ್ರು.

ನನ್ನ ಚಿಟಿಕೆ 1.3 ಬಂತು.